ಮಾವನ ಕಾರಿನ ಬಿಕ್ಕಳಿಕೆ

ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವ ಮುನ್ನ ಕಾರು ಒಂದು ಕ್ಷಣ ತಡೆದು ನಿಂತಿತು. ಆಮೇಲೆ ಬಿಕ್ಕಳಿಕೆ ಬಂದವರಂತೆ ‘ಢಕ್’ ಎಂದು ಮುಂದಕ್ಕೆ ಹೋಯಿತು. ಪ್ರಶ್ನಾರ್ಥಕನ ಎದೆ ಧಸಕ್ಕೆಂದಿತು. ಗೇರನ್ನು ತಾನೇ ಬದಲಿಸಿಕೊಳ್ಳುವ ಆ ಆಟೋಮ್ಯಾಟಿಕ್ ಕಾರು ಅವನದಲ್ಲ, ಅವನ ಮಾವನದು.

ಪ್ರಶ್ನಾರ್ಥಕ ಎಂಬುದು ಮುದ್ರಣಾಲಯದವರು ಇಟ್ಟ ಹೆಸರು. ಅಲ್ಲಿ ಅವನ ಕೆಲಸ ಕರಡು ತಿದ್ದುವುದು. ಯಾವ ಪದ ಕಂಡರೂ ಅನುಮಾನ, ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಹದಿನೈದು ವರ್ಷ ಬಗ್ಗಿ ಕೂತು ಬೆನ್ನೂ ಅದೇ ಆಕಾರಕ್ಕೆ ಬಂದಿತ್ತು. ಸರಿಯಾಗಿದ್ದ ಪದವನ್ನು ತಿದ್ದಿಬಿಡುವುದು, ಆಮೇಲೆ ಬೆವರುತ್ತ ಅದರ ಕೆಳಗೆ ಚುಕ್ಕಿಗಳನ್ನಿಟ್ಟು ‘ಹಾಗೇ ಇರಲಿ’ ಎಂದು ಬರೆಯುವುದು ಅವನ ಹಳೆಯ ರೋಗ. ಹಾಗೆ ಚುಕ್ಕಿ ಇಟ್ಟರೆ ತಿದ್ದಿದ್ದು ರದ್ದಾಗಿ ಮೊದಲಿದ್ದದ್ದೇ ಉಳಿಯುತ್ತದೆ. ಕರಡು ತಿದ್ದುವವರಿಗೆ ಅದಕ್ಕಿಂತ ದೊಡ್ಡ ಕ್ಷಮಾದಾನ ಇಲ್ಲ.

ಮಾವ ನಿವೃತ್ತ ಡ್ರಿಲ್ ಮಾಸ್ತರು. ಮೇಲಿನ ಮಹಡಿಯಲ್ಲಿ ಅವರು, ಕೆಳಗೆ ಮಗಳು ಮತ್ತು ಅಳಿಯ. ಅಳಿಯ ಕಣ್ಣಿಗೆ ಬಿದ್ದಾಗಲೆಲ್ಲ “ನೆಟ್ಟಗೆ ನಿಲ್ಲು!” ಎಂದು ಗುಡುಗುವುದನ್ನು ಬಿಟ್ಟರೆ ಒಂಬತ್ತು ವರ್ಷಗಳಲ್ಲಿ ಅವರು ಅವನೊಡನೆ ಆಡಿದ ಮಾತು ಕಡಿಮೆ. ಅಂಥವರು ಹತ್ತು ದಿನದ ಹಿಂದೆ ತಂಗಿಯ ಊರಿಗೆ ಹೊರಡುವಾಗ ಕಾರಿನ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, “ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡು. ಓಡಿಸಬೇಡ. ನಿನ್ನ ನಂಬಿ ಕೊಡ್ತಿದೀನಿ” ಎಂದಿದ್ದರು. ಮದುವೆಯಾದಾಗಿನಿಂದ ಅವನು ಕಾದಿದ್ದು ಆ ಕೊನೆಯ ಮಾತಿಗೆ. ಹತ್ತು ದಿನವೂ ಅದನ್ನು ನೆನೆದು ಒಳಗೊಳಗೇ ಹಿಗ್ಗಿದ್ದ.

ಇವತ್ತು ಬೆಳಿಗ್ಗೆ ಬಸ್ಸು ತಪ್ಪಿತು. ಮಾವ ಬರುವುದು ಸಂಜೆ ಐದಕ್ಕೆ, ಅಷ್ಟರೊಳಗೆ ಒಂದು ಸಲ ಹೋಗಿಬಂದರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಬೀದಿಯ ತುದಿ ಮುಟ್ಟುವುದರೊಳಗೆ ಈ ಬಿಕ್ಕಳಿಕೆ. ಬದಿಗೆ ನಿಲ್ಲಿಸಿ ಹೆಂಡತಿಗೆ ಫೋನ್ ಮಾಡಿದ.

“ನಿಮ್ಮಪ್ಪನ ಕಾರು ಮೊದಲೂ ಢಕ್ ಅಂತಿತ್ತಾ?”

“ನಂಗೇನ್ ಗೊತ್ತು? ಅಪ್ಪ ಯಾರನ್ನೂ ಕೂರಿಸ್ಕೊಳ್ಳೋದೇ ಇಲ್ವಲ್ಲ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಗಮನ ಹೋಗುತ್ತಂತೆ. ಯಾಕೆ, ಓಡಿಸಿದ್ರಾ?”

“ಛೇ ಛೇ! ಸುಮ್ನೆ ಕೇಳ್ದೆ.”

ಫೋನ್ ಇಡುವಷ್ಟರಲ್ಲಿ ಕಿಟಕಿಯ ಮೇಲೆ ಟಕಟಕ ಸದ್ದು. ಎದುರುಮನೆಯ ನಿವೃತ್ತ ಕಂಡಕ್ಟರು. ಕೆಲಸ ಬಿಟ್ಟು ಐದು ವರ್ಷವಾದರೂ ಕೊರಳಲ್ಲಿ ಸೀಟಿ ಹಾಗೇ ಇತ್ತು. ಕೇಳದೆಯೇ ಬಾಗಿಲು ತೆಗೆದು ಪಕ್ಕದಲ್ಲಿ ಕೂತರು.

“ಗೇರ್ ಪ್ರಾಬ್ಲಂ. ಸದ್ದಲ್ಲೇ ಗೊತ್ತಾಯ್ತು. ಮೂವತ್ತು ವರ್ಷ ಡ್ರೈವರ್ ಹಿಂದೆ ನಿಂತವನು ನಾನು! ನಿಮ್ ಮಾವನಿಗೆ ಗೊತ್ತಾದ್ರೆ ನಿಮ್ಮನ್ನ ಬದುಕಿಸ್ತಾರಾ? ನಡೀರಿ, ಕಡಿಮೇಲಿ ಮುಗಿಸೋಣ. ರೈಟ್!”

ಮೊದಲು ಹೋದದ್ದು ದೊಡ್ಡ ವರ್ಕ್‌ಶಾಪಿಗೆ. ಇಸ್ತ್ರಿ ಅಂಗಿಯವನೊಬ್ಬ ಕಾರನ್ನು ಮುಟ್ಟದೆ ಒಂದು ಸುತ್ತು ಬಂದು, “ಗೇರ್‌ಬಾಕ್ಸ್ ಪೂರ್ತಿ ಇಳಿಸ್ಬೇಕು ಸಾರ್” ಎಂದ. ಖರ್ಚು ಎಷ್ಟೆಂದು ಕೇಳಿದಾಗ ಚೀಟಿಯ ಮೇಲೆ ಬರೆದು ತೋರಿಸಿದ. ಪ್ರಶ್ನಾರ್ಥಕ ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು ಆ ಅಂಕಿಯ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಅಂಕಿಯಲ್ಲಿ ತಪ್ಪೇನೂ ಇರಲಿಲ್ಲ. ಅದು ಅವನ ಎರಡು ವರ್ಷದ ಸಂಬಳ.

“ಇವರ ಮಾತು ಬಿಡಿ, ಆಯಿಲ್ ಕಡಿಮೆ ಆಗಿರುತ್ತೆ” ಎಂದು ಕಂಡಕ್ಟರು ಆಯಿಲ್ ಅಂಗಡಿಗೆ ಕರೆದೊಯ್ದರು. ಅಂಗಡಿಯವನು ಕಡ್ಡಿ ಹಾಕಿ ನೋಡಿ, “ಆಯಿಲ್ ಹೊಸದರ ಹಾಗೇ ಇದೆಯಲ್ರೀ, ಯಾರೋ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಂಡಿದಾರೆ” ಎಂದ. ಕಡ್ಡಿಯನ್ನು ಇಣುಕಿ ನೋಡಲು ಹೋಗಿ ಪ್ರಶ್ನಾರ್ಥಕನ ಬಿಳಿ ಅಂಗಿಗೆ ಕೆಂಪು ಆಯಿಲು ಹತ್ತಿತು. ಎದೆಯ ಮೇಲಿನ ಆ ಕಲೆ ಮಾವನ ಕಣ್ಣಿಗೆ ಬಿದ್ದರೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅವನು ಬ್ಯಾಗನ್ನು ಎದೆಗೆ ಅವಚಿಕೊಂಡ.

ಮುದ್ರಣಾಲಯ ತಲುಪಿದಾಗ ಹನ್ನೊಂದೂವರೆ. ಕಂಡಕ್ಟರು ಇಳಿಯುವ ಮೊದಲೇ ವಿಷಯವನ್ನು ಅಂಗಳಕ್ಕೆಲ್ಲ ಸಾರಿದ್ದರು. ಬೈಂಡಿಂಗ್ ವಿಭಾಗದವನು ಅಂಟು ಮೆತ್ತಿದ ಕೈಯಲ್ಲೇ ಓಡಿಬಂದ.

“ತುಂಬಾ ಸುಲಭ ಅಣ್ಣ. ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಮೇಲಿನ ಕಾಲು ಎತ್ತಿಬಿಡಿ. ಗೇರ್‌ಬಾಕ್ಸ್ ಒಂದ್ ಸಲ ಉಸಿರು ಬಿಟ್ಟು ಹಗುರ ಆಗುತ್ತೆ.”

ಪ್ರಶ್ನಾರ್ಥಕ ನ್ಯೂಟ್ರಲ್‌ಗೆ ಹಾಕಿ ಕಾಲು ಎತ್ತಿದ. ಅಂಗಳ ಇಳಿಜಾರೆಂಬುದು ಇಬ್ಬರಿಗೂ ನೆನಪಿರಲಿಲ್ಲ. ಕಾರು ಹಿಂದಕ್ಕೆ ಜಾರಿತು. ಕಂಡಕ್ಟರು “ಹೋಲ್ಡಾನ್! ಹೋಲ್ಡಾನ್!” ಎಂದು ಸೀಟಿ ಊದಿದರು. ಬ್ರೇಕು ಸಿಕ್ಕುವಷ್ಟರಲ್ಲಿ ಹಿಂದೆ ‘ಕರ್ರ್’ ಎಂದಿತು. ಅದು ಮ್ಯಾನೇಜರರ ಸೈಕಲ್ಲು. ಕಾರಿಗೆ ಒಂದು ಗೀರೂ ಇರಲಿಲ್ಲ, ಸೈಕಲ್ಲಿನ ಚಕ್ರ ಮಾತ್ರ ಹಪ್ಪಳವಾಗಿತ್ತು. ಮ್ಯಾನೇಜರು ಕಿಟಕಿಯಿಂದ ತಲೆ ಹೊರಹಾಕಿದರು.

“ಏನ್ರೀ ಪ್ರಶ್ನಾರ್ಥಕ, ಅದನ್ನೂ ತಿದ್ದಿಬಿಟ್ರಾ? ತಪ್ಪಿಲ್ಲದ್ದನ್ನ ತಿದ್ದಬೇಡಿ ಅಂತ ಎಷ್ಟು ಸಲ ಹೇಳ್ಲಿ?”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೈಕಲ್ಲಿನ ಚಕ್ರ ರಿಪೇರಿ ಮಾಡಿಸಿ, ಅರ್ಧ ದಿನದ ರಜೆ ಬರೆದುಕೊಟ್ಟು ಅವನು ಅಲ್ಲಿಂದ ಕಾಲ್ತೆಗೆದ. ಗಂಟೆ ಎರಡಾಗಿತ್ತು. ಐದಕ್ಕೆ ಮಾವ ಬರುತ್ತಾರೆ, ಕಾರು ಹತ್ತುತ್ತಾರೆ, ಅದು ಢಕ್ ಎನ್ನುತ್ತದೆ. ಅವರು ಬೈಯುವುದಕ್ಕೆ ಅವನು ಹೆದರಲಿಲ್ಲ. ಬೈಯದೆ ಸುಮ್ಮನೆ ಕೈಚಾಚಿ ಕೀಲಿ ವಾಪಸ್ಸು ಕೇಳುತ್ತಾರಲ್ಲ, ಅವನು ಹೆದರಿದ್ದು ಅದಕ್ಕೆ.

ಕೊನೆಗೆ ಕಂಡಕ್ಟರು ಕರೆದೊಯ್ದದ್ದು ರೈಲು ಹಳಿಯ ಪಕ್ಕದ ಸಣ್ಣ ಶೆಡ್ಡಿಗೆ. ಅಲ್ಲಿ ದಪ್ಪ ಕನ್ನಡಕದ ಮೆಕ್ಯಾನಿಕ್ ಹೆಂಗಸೊಬ್ಬಳಿದ್ದಳು. ಆಕೆ ಪಕ್ಕದಲ್ಲಿ ಕೂತು, ಅವನಿಗೇ ಒಂದು ಸುತ್ತು ಓಡಿಸಲು ಹೇಳಿ, ಸ್ಟೀರಿಂಗಿನ ಕೆಳಗೆ ಪುಟ್ಟ ಯಂತ್ರವೊಂದನ್ನು ಸಿಕ್ಕಿಸಿ ಓದಿದಳು.

“ಗೇರ್‌ಬಾಕ್ಸ್ ಕೆಟ್ಟಿಲ್ಲ. ಹೆದರಿದೆ.”

“ಹೆದರಿದೆಯಾ?”

“ಈ ಥರ ಗಾಡಿ ಓಡಿಸೋರ ಕಾಲು ನೋಡಿ ಕಲಿಯುತ್ತೆ. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ಮಾಡಿದ್ರೆ ‘ಇವರು ಮುಂದೆ ಹೋಗ್ತಾರೋ ಇಲ್ವೋ’ ಅಂತ ಅದೂ ಅನುಮಾನ ಪಡುತ್ತೆ. ನಿಮ್ ಕಾಲು ನೋಡಿದೆನಲ್ಲ, ನಡುಗ್ತಿದೆ. ಕಲಿತಿದ್ದನ್ನೆಲ್ಲ ಅಳಿಸಿಕೊಡ್ತೀನಿ. ಒಂದು ಊಟದ ದುಡ್ಡು ಕೊಡಿ ಸಾಕು. ಆಮೇಲೆ ಒಂದು ಗಂಟೆ ಯಾರು ಹೇಗೆ ಓಡಿಸ್ತಾರೋ ಅದೇ ಬುದ್ಧಿ ಬರುತ್ತೆ. ಆದ್ರೆ ಒಂದು ಮಾತು, ಈ ಹೆದರಿಕೆ ಇಷ್ಟು ಆಳವಾಗಿ ಕೂತಿರಬೇಕಾದ್ರೆ…”

“ಟೈಮ್ ಆಯ್ತಮ್ಮ! ರೈಟ್ ರೈಟ್!” ಕಂಡಕ್ಟರು ಸೀಟಿ ಊದಿದರು. ಆಕೆಯ ಮಾತು ಸೀಟಿಯಲ್ಲಿ ಮುಳುಗಿಹೋಯಿತು. ಆಕೆ ಯಂತ್ರದ ಗುಂಡಿ ಒತ್ತಿ ಎಲ್ಲ ಅಳಿಸಿಕೊಟ್ಟಳು.

ಮಾವನ ಕಾರಿಗೆ ತನ್ನ ಹೆದರಿಕೆಯನ್ನು ಒಂದೇ ಬೆಳಿಗ್ಗೆಯಲ್ಲಿ ಅಂಟಿಸಿದೆನಲ್ಲ ಎಂದು ಪ್ರಶ್ನಾರ್ಥಕನಿಗೆ ನಾಚಿಕೆಯಾಯಿತು. ಈಗ ಅದಕ್ಕೆ ಮಾವನ ಬುದ್ಧಿ ಕಲಿಸಬೇಕು. ಮಾವ ಹೇಗೆ ಓಡಿಸುತ್ತಾರೆ? ಅವನು ನೋಡಿರಲಿಲ್ಲ. ಆದರೆ ಆ ಧ್ವನಿ, ಆ ಮೀಸೆ, ಆ ನಡಿಗೆ ಇರುವ ಮನುಷ್ಯ ಇನ್ನು ಹೇಗೆ ಓಡಿಸಿಯಾನು?

ಅವನು ಸೀಟಿನಲ್ಲಿ ನೆಟ್ಟಗೆ ಕೂತ. ಕಣ್ಣು ಕೆಂಪಗೆ ಮಾಡಿಕೊಂಡ. ಕಾಲನ್ನು ಊರಿ ಒತ್ತಿದ. ಕಾರು ಹಗ್ಗ ಹರಿದ ಕರುವಿನ ಹಾಗೆ ನೆಗೆಯಿತು. ಜೀವ ಬಾಯಿಗೆ ಬಂದರೂ ಕಾಲು ಎತ್ತಲಿಲ್ಲ. ಊರಾಚೆಯ ಅಗಲ ರಸ್ತೆಯಲ್ಲಿ ಒಂದು ಗಂಟೆ ಅವನು ಮಾವನಾಗಿದ್ದ. ರಸ್ತೆಬದಿಯಲ್ಲಿ ಗೋಡೆಗೆ ಒರಗಿದ್ದವನೊಬ್ಬನಿಗೆ ಕಿಟಕಿಯಿಂದ “ನೆಟ್ಟಗೆ ನಿಲ್ಲು!” ಎಂದು ಗುಡುಗಿಯೂ ಬಿಟ್ಟ. ಆ ಮನುಷ್ಯ ಬೆಚ್ಚಿ ನೆಟ್ಟಗೆ ನಿಂತ. ಕಂಡಕ್ಟರು ಮೂವತ್ತು ವರ್ಷದಲ್ಲಿ ಮೊದಲ ಸಲ ಎರಡು ಕೈಯಲ್ಲೂ ಸೀಟು ಹಿಡಿದುಕೊಂಡು, “ಸ್ಟಾಪಲ್ಲಿ ಇಳಿಸಿಬಿಡಿ ಸಾರ್” ಎಂದು ಗೋಗರೆದರು. ಬಿಕ್ಕಳಿಕೆ ಮಾಯವಾಗಿತ್ತು. ಎರಡರಿಂದ ಮೂರಕ್ಕೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ನಾಲ್ಕೂವರೆಗೆ ಕಾರು ತನ್ನ ಜಾಗದಲ್ಲಿತ್ತು. ಅವನು ಅಂಗಿ ಬದಲಿಸಿ, ಟೈರಿನ ಧೂಳು ಒರೆಸಿ, ಗೇಟಿನ ಹತ್ತಿರ ನಿಂತ. ಐದೂಕಾಲಿಗೆ ಮಾವ ಬಂದರು.

“ಓಡಿಸಲಿಲ್ಲ ತಾನೆ?”

“ಇಲ್ಲ ಮಾವ” ಎಂದ.

ಮಾವ ಕೀಲಿ ತೆಗೆದುಕೊಂಡು, “ಒಂದು ಸುತ್ತು ಹೋಗಿಬರ್ತೀನಿ” ಎಂದು ಒಬ್ಬರೇ ಹತ್ತಿದರು. ಕಾರು ಗೇಟು ದಾಟಿ ಬೀದಿಗೆ ಇಳಿಯಿತು. ಮರುಕ್ಷಣ ಗರ್ಜಿಸಿ ನೆಗೆದು, ಬೀದಿಯನ್ನು ಅಡ್ಡಕ್ಕೆ ದಾಟಿ, ಕಂಡಕ್ಟರ ಮನೆಯ ಬೇಲಿಯೊಳಗೆ ಅರ್ಧ ಹೊಕ್ಕು ನಿಂತಿತು.

ಪ್ರಶ್ನಾರ್ಥಕ ಓಡಿಹೋಗಿ ಬಾಗಿಲು ತೆಗೆದ. ಮಾವನಿಗೆ ಏನೂ ಆಗಿರಲಿಲ್ಲ. ಆದರೆ ಸ್ಟೀರಿಂಗು ಹಿಡಿದ ಕೈಗಳು ಗಡಗಡ ನಡುಗುತ್ತಿದ್ದವು, ಮೀಸೆಯ ಮೇಲೆ ಬೆವರು ನಿಂತಿತ್ತು. ಬೆನ್ನು ಬಾಗಿಹೋಗಿತ್ತು. ಅವರನ್ನು ಹಾಗೆ ಅವನು ನೋಡಿಯೇ ಇರಲಿಲ್ಲ, ಕರುಳು ಚುರುಕ್ಕೆಂದಿತು.

“ಬಾಗಿಲು ಹಾಕ್ಕೊಂಡು ಕೂರು” ಎಂದರು ಮಾವ, ಸಣ್ಣ ಧ್ವನಿಯಲ್ಲಿ. “ಯಾರಿಗೂ ಹೇಳ್ಬೇಡ. ನಂಗೆ ಕಾರು ಓಡಿಸೋದಂದ್ರೆ ಮೊದಲಿಂದಾನೂ ಜೀವಭಯ ಕಣೋ. ಎಂಟು ವರ್ಷದಿಂದ ಇದು ಎರಡರಿಂದ ಮೂರಕ್ಕೆ ಹೋಗೋ ಮುಂಚೆ ಒಂದ್ ಸಲ ನಿಂತು, ‘ಹೋಗ್ಲಾ?’ ಅಂತ ಕೇಳ್ತಿತ್ತು. ಆಮೇಲೆ ಢಕ್ ಅಂತ ಹೋಗ್ತಿತ್ತು. ಅದೊಂದರ ಧೈರ್ಯದ ಮೇಲೆ ಓಡಿಸ್ತಿದ್ದೆ. ಇವತ್ತು ಕೇಳ್ಲೇ ಇಲ್ಲ.”

ಶೆಡ್ಡಿನ ಹೆಂಗಸು ಹೇಳಹೊರಟು ನಿಲ್ಲಿಸಿದ ಮಾತು ಏನೆಂದು ಪ್ರಶ್ನಾರ್ಥಕನಿಗೆ ಈಗ ಹೊಳೆಯಿತು. ಕಾರು ಕಲಿತಿದ್ದ ಹೆದರಿಕೆ ಅವನ ಒಂದು ಬೆಳಗಿನದಲ್ಲ, ಮಾವನ ಎಂಟು ವರ್ಷದ್ದು. ಈ ಕಾರಿನ ಕೆಳಗೆ ಸಾಲಾಗಿ ಚುಕ್ಕಿಗಳನ್ನಿಟ್ಟು ‘ಹಾಗೇ ಇರಲಿ’ ಎಂದು ಬರೆಯುವಂತಿದ್ದರೆ ಎಂದುಕೊಂಡ. ದಾರಿ ಇಲ್ಲದೆ ಇರಲಿಲ್ಲ. ಆ ಹೆಂಗಸಿನಿಂದ ಇನ್ನೊಮ್ಮೆ ಎಲ್ಲ ಅಳಿಸಿಕೊಂಡು ಬಂದು, ಮಾವನೇ ಒಂದು ಗಂಟೆ ಹೆದರಿಕೊಂಡು ಓಡಿಸಿದರೆ ಮುಗಿಯಿತು, ಖರ್ಚು ಒಂದು ಊಟದ್ದು. ಹೇಳಲು ಬಾಯಿ ತೆರೆದ.

ಅಷ್ಟರಲ್ಲಿ ಮಾವ ಅವನ ಹೆಗಲ ಮೇಲೆ ಕೈಯಿಟ್ಟರು. “ನಿನ್ನ ತಪ್ಪಲ್ಲಪ್ಪ. ಹತ್ತು ದಿನ ನಿಂತಲ್ಲೇ ನಿಂತು ಅದಕ್ಕೆ ಎಲ್ಲಾ ಮರೆತುಹೋಗಿದೆ. ನೀನು ಓಡಿಸಬೇಡ ಅಂದ್ರೆ ಓಡಿಸದೇ ಇರೋ ಮನುಷ್ಯ. ನಂಬೋದಾದ್ರೆ ಇನ್ಮೇಲೆ ನಿನ್ನೊಬ್ಬನ್ನೇ.”

ತೆರೆದ ಬಾಯಿ ಮುಚ್ಚಿಕೊಂಡಿತು.

“ಕೀಲಿ ನೀನೇ ಇಟ್ಕೋ. ನಾಳೆಯಿಂದ ದಿನಾ ಬೆಳಿಗ್ಗೆ ಐದೂವರೆಗೆ ನೀನು ಓಡಿಸ್ಬೇಕು, ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ. ಭಾನುವಾರ ಎರಡು ಸುತ್ತು.”

ಬೇಲಿಯಾಚೆಯಿಂದ ಸೀಟಿ ಕೇಳಿಸಿತು. ಕಂಡಕ್ಟರು “ಮಾಸ್ತರೇ, ಬೆಳಿಗ್ಗೆಯಿಂದ ಊರೆಲ್ಲ ಸುತ್ತಿದ್ರೂ ಏನೂ ಆಗ್ಲಿಲ್ಲವಲ್ಲ ಈ ಗಾಡಿಗೆ!” ಎಂದು ಕೂಗುತ್ತ ಬರುತ್ತಿದ್ದರು.

ಹೆಗಲ ಮೇಲಿದ್ದ ಕೈ ನಿಧಾನವಾಗಿ ಕೆಳಗಿಳಿಯಿತು. ಮಾವ ಅಳಿಯನ ಕಡೆ ತಿರುಗಿದರು. ಬೆನ್ನು ಮತ್ತೆ ನೆಟ್ಟಗಾಯಿತು, ಮೀಸೆ ಕುಣಿಯಿತು.

“ಐದೂವರೆಗಲ್ಲ” ಎಂದರು. “ಐದಕ್ಕೆ. ನೆಟ್ಟಗೆ ಕೂರು!”