ಏಳು ಸೀಟಿನ ಗಾಡಿ, ಏಳು ಅಡಿಯ ಕೋಣೆ

ಕಾರು ಕೊಂಡು ಆಮೇಲೆ ತಲೆ ಚಚ್ಚಿಕೊಂಡವರು ಲೋಕದಲ್ಲಿ ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಅವರೆಲ್ಲರೂ ಮಾಡಿದ ತಪ್ಪು ಒಂದೇ: ಅಳತೆ ತೆಗೆಯದೆ ಕೊಂಡದ್ದು. ಆ ಪಟ್ಟಿಯಲ್ಲಿ ನನ್ನ ಹೆಸರು ಯಾವ ಕಾಲಕ್ಕೂ ಸೇರದು ಎಂದು ನಾನು ಒಂದು ದಿನ ಊಟದ ಮೇಜಿನ ಮುಂದೆ ನಿಂತು, ಕೈಯಲ್ಲಿದ್ದ ಸೌಟನ್ನು ಎತ್ತಿ ಹಿಡಿದು ಘೋಷಿಸಿದೆ. ಯಾಕೆಂದರೆ ನಾನು ದರ್ಜಿ. ಇಪ್ಪತ್ತೆರಡು ವರ್ಷಗಳಿಂದ ಜನರ ಹೊಟ್ಟೆಯನ್ನು ಅವರು ಒಪ್ಪಿಕೊಳ್ಳುವುದಕ್ಕೆ ಮೊದಲೇ ಅಳೆದು ಬರೆದಿಟ್ಟವನು. ಒಂದು ಕಾರು ನನ್ನ ಟೇಪಿನಿಂದ ತಪ್ಪಿಸಿಕೊಂಡೀತೆ!

"ಸೌಟು ಕೆಳಗಿಡಿ, ಸಾರು ತೊಟ್ಟಿಕ್ತಿದೆ" ಎಂದಳು ಹೆಂಡತಿ.

ಕಾರಿನ ವಿಷಯ ಬಂದದ್ದು ಅತ್ತೆಯವರಿಂದ. ಅವರೇನೂ ಕೇಳಿದವರಲ್ಲ, ಕೇಳದೇ ಇದ್ದದ್ದರಿಂದಲೇ ಬಂತು. ನಮ್ಮ ಹಳೆಯ ಕಾರಿಗೆ ಐದು ಸೀಟು. ಮನೆಯಲ್ಲಿರುವುದು ಆರು ಜನ: ನಾನು, ಹೆಂಡತಿ, ಮಗಳು, ಅವಳಿ ಗಂಡುಮಕ್ಕಳು, ನಮ್ಮ ಜೊತೆಗೇ ಇರುವ ಅತ್ತೆ. ಎಲ್ಲಿಗೆ ಹೊರಟರೂ ಅತ್ತೆ ಬಾಗಿಲಲ್ಲೇ ನಿಂತು, "ನೀವು ಹೋಗಿ ಬನ್ನಿ, ಯಾರಾದ್ರೂ ಬೀಗದ ಕೈ ಇಟ್ಕೊಂಡಿರಬೇಕಲ್ಲ" ಎನ್ನುತ್ತಿದ್ದರು. ಹೀಗೆ ಬೀಗದ ಕೈ ಇಟ್ಟುಕೊಂಡೇ ಅವರಿಗೆ ಎಪ್ಪತ್ತೆರಡು ವರ್ಷವಾಗಿತ್ತು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. "ಈ ಸಲ ಅಮ್ಮ ಸಮುದ್ರ ನೋಡಬೇಕು. ಎಲ್ಲರ ಜೊತೆ ಕೂತು, ಒಂದೇ ಗಾಡಿಯಲ್ಲಿ" ಎಂದು ಹೆಂಡತಿ ಹೇಳಿದಾಗ ಅವಳ ದನಿ ಎಂದಿನಂತೆ ಇರಲಿಲ್ಲ.

ಅತ್ತೆ ಎಂದರೆ ನನಗೆ ಬರೀ ಅತ್ತೆಯಲ್ಲ, ಗುರು. ಅವರ ಹೊಲಿಗೆ ಅಂಗಡಿಯಲ್ಲೇ ಅಂಗಿಯ ಗುಂಡಿಗೆ ಕಾಜಾ ಹೊಲಿಯುವುದರಿಂದ ಶುರುಮಾಡಿ ಕೆಲಸ ಕಲಿತೆ. ಮೊದಲ ವರ್ಷ ಶಾಲೆಯ ಹುಡುಗಿಯೊಬ್ಬಳಿಗೆ ಒಂದು ಫ್ರಾಕು ಹೊಲಿದೆ. ಮೈಗೆ ಬರೆದಂತೆ ಕೂತಿತು. ಬೆನ್ನಿಗೆ ಜಿಪ್ ಇಡುವುದನ್ನು ಮಾತ್ರ ಮರೆತಿದ್ದೆ. ತಲೆಯಿಂದ ಇಳಿದ ಫ್ರಾಕು ಮತ್ತೆ ತಲೆಯಿಂದ ಮೇಲೇರಲಿಲ್ಲ, ಕತ್ತರಿಯೇ ಬೇಕಾಯಿತು. ಅತ್ತೆ ಬೈಯಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಫಿಟಿಂಗ್ ಚೆನ್ನಾಗಿದೆ ಕಣೋ. ಬಿಚ್ಚೋದು ಹೇಗೆ?" ಎಂದರು. ಆಮೇಲೆ, "ಬಟ್ಟೆ ಹೊಲಿಯೋದು ನಿಂತಿರೋ ಮೈಗಲ್ಲ, ಅಲ್ಲಾಡೋ ಮೈಗೆ. ಸಡಿಲ ಬಿಡೋದು ಕಲಿ" ಎಂದರು. ನಾನು ಅಳಿಯನಾದ ದಿನದಿಂದ 'ಕಣೋ' ಹೋಗಿ 'ಅಳಿಯಂದ್ರೇ' ಬಂತು. ಅದನ್ನು ನಾನು ನನ್ನ ಜೀವನದ ದೊಡ್ಡ ಬಡ್ತಿ ಎಂದು ತಿಳಿದುಕೊಂಡಿದ್ದೆ.

ಏಳು ಸೀಟಿನ ದೊಡ್ಡ ಗಾಡಿಯೇ ಬೇಕೆಂದು ತೀರ್ಮಾನವಾದ ಮೇಲೆ ಸಂಶೋಧನೆ ಆರಂಭವಾಯಿತು. ಇಂಟರ್ನೆಟ್ಟಿನಲ್ಲಿ ಕಾರುಗಳ ಬಗ್ಗೆ ಮಾತಾಡುವವರನ್ನು ನಾನು ನಂಬಲಿಲ್ಲ. ಅವರೆಲ್ಲ ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸುತ್ತಾರೆ, ಹಿಂದಿನ ಸೀಟಿನಲ್ಲಿ ಜಗಳವಾಡುವ ಅವಳಿ ಮಕ್ಕಳಿರುವುದಿಲ್ಲ. ನನ್ನ ದಾರಿಯೇ ಬೇರೆ. ಅಂಥ ಗಾಡಿ ಇರುವ ಗಿರಾಕಿಗಳನ್ನು ಅಳತೆ ತೆಗೆಯುವ ಹೊತ್ತಿಗೆ ಸರಿಯಾಗಿ ವಿಚಾರಿಸುತ್ತಿದ್ದೆ. ಟೇಪು ಸೊಂಟ ಸುತ್ತಿರುವಾಗ ಮನುಷ್ಯ ಓಡಿಹೋಗಲಾರ.

ಆದರೂ ಸತ್ಯ ಹೊರಡಲಿಲ್ಲ. ಮೈಲೇಜ್ ಕೇಳುವುದೂ ಸೊಂಟದ ಅಳತೆ ಕೇಳುವುದೂ ಒಂದೇ ಎಂದು ಆಗ ತಿಳಿಯಿತು. ಸೊಂಟವಾದರೆ ಎರಡು ಇಂಚು ಇಳಿಸಿ ಹೇಳುತ್ತಾರೆ, ಮೈಲೇಜಾದರೆ ನಾಲ್ಕು ಏರಿಸಿ ಹೇಳುತ್ತಾರೆ. ನಾನು ಕಣ್ಣಿಟ್ಟಿದ್ದ ಗಾಡಿಯನ್ನೇ ಇಟ್ಟುಕೊಂಡಿದ್ದ ಹಲ್ಲಿನ ಡಾಕ್ಟರು, "ಲೀಟರಿಗೆ ಹದಿನಾಲ್ಕು" ಎಂದರು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಕೆಮ್ಮಿದರು. "ಹನ್ನೆರಡು" ಎಂದರು ಡಾಕ್ಟರು. ಆಕೆ ಮತ್ತೆ ಕೆಮ್ಮಿದರು. ಇನ್ನೊಂದು ಕೆಮ್ಮಿಗೆ ಗಾಡಿ ನಿಂತೇಹೋದೀತೆಂದು ನಾನು ಮಾತು ತಿರುಗಿಸಿ, "ಮೂರನೇ ಸಾಲು ಹೇಗಿದೆ ಡಾಕ್ಟ್ರೇ?" ಎಂದೆ.

"ತುಂಬಾ ವಿಶಾಲ."

"ನೀವು ಕೂತಿದ್ದೀರಾ?"

"ನಾನ್ಯಾಕೆ ಕೂರಲಿ? ಗಾಡಿ ನಂದು."

ಶೋರೂಮಿಗೆ ಹೋದೆವು. ಅಲ್ಲಿನ ಮಾರಾಟದ ಹುಡುಗ ಬಾಗಿಲು ತೆರೆದು, "ಸರ್, ಇದು ಗಾಡಿ ಅಲ್ಲ, ಒಂದು ವ್ಯಕ್ತಿತ್ವ. ಎದುರಿಗೆ ಬರೋರು ತಾವಾಗಿ ದಾರಿ ಬಿಡ್ತಾರೆ" ಎಂದ. ಇಷ್ಟು ವರ್ಷದಲ್ಲಿ ನನಗೆ ಯಾರೂ ದಾರಿ ಬಿಟ್ಟದ್ದಿಲ್ಲ. ನಾನು ಅಲ್ಲಿಯೇ ಮಾರುಹೋದೆ.

"ನಮ್ಮಮ್ಮ ಹತ್ತೋಕಾಗತ್ತಾ? ಅವರಿಗೆ ಮಂಡಿನೋವಿದೆ" ಎಂದಳು ಹೆಂಡತಿ.

"ಮೇಡಂ, ಮೇಲೆ ಕೂತ್ರೆ ಇಡೀ ರಸ್ತೆ ಕಾಲಕೆಳಗೆ ಕಾಣತ್ತೆ."

"ಕೂತ ಮೇಲಿನ ಮಾತಲ್ಲಪ್ಪ. ಹತ್ತೋದು ಹೇಗೆ?"

"ಅದೆಲ್ಲ ನಾನು ಅಳ್ಕೋತೀನಿ, ನೀನು ಸುಮ್ನಿರು" ಎಂದು ನಾನು ಟೇಪು ಬಿಚ್ಚಿದೆ. ಗಾಡಿಯ ಉದ್ದ ಅಳೆದೆ, ಅಗಲ ಅಳೆದೆ, ಕನ್ನಡಿ ಮಡಚಿ ಒಮ್ಮೆ, ಬಿಚ್ಚಿ ಒಮ್ಮೆ ಅಳೆದೆ. ಮೂರನೇ ಸಾಲಿನಲ್ಲಿ ಕೂತು ನೋಡಿ ಎಂದು ಹುಡುಗ ಕರೆದ. ದರ್ಜಿ ಗಿರಾಕಿಯ ಬಟ್ಟೆ ತೊಟ್ಟು ನೋಡುವುದಿಲ್ಲಪ್ಪ, ಅಳೆಯುತ್ತಾನೆ ಎಂದು ಗತ್ತಿನಿಂದ ಹೇಳಿ ಅದನ್ನೂ ಹೊರಗಿನಿಂದಲೇ ಅಳೆದೆ. ಮನೆಗೆ ಬಂದು ಗಾಡಿ ನಿಲ್ಲಿಸುವ ಕೋಣೆ ಅಳೆದೆ. ಅದು ಅತ್ತೆಯವರ ಮೊದಲ ಅಂಗಡಿ. ಮೂರು ಕಡೆ ಗೋಡೆ, ಮುಂದೆ ಶಟರ್. ಅಗಲ ಸರಿಯಾಗಿ ಏಳು ಅಡಿ. ಗಾಡಿ ಆರು ಅಡಿ ಎರಡು ಇಂಚು. ಆ ಕಡೆ ಐದು, ಈ ಕಡೆ ಐದು ಇಂಚು ಉಳಿಯುತ್ತದೆ. ಇದಕ್ಕಿಂತ ಒಳ್ಳೆಯ ಫಿಟಿಂಗ್ ಉಂಟೆ!

ಶನಿವಾರ ಮಧ್ಯಾಹ್ನ ಗಾಡಿ ಬಂತು. ಭಾನುವಾರ ಬೆಳಿಗ್ಗೆ ಸಮುದ್ರಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಅತ್ತೆ ಅಂಗಳಕ್ಕೆ ಬಂದು ಗಾಡಿಯನ್ನು ಒಂದು ಸುತ್ತು ನೋಡಿ, ಬಾಗಿಲನ್ನು ಬೆರಳಿನಿಂದ ಸವರಿ ಬಟ್ಟೆಯ ನಯ ನೋಡುವವರಂತೆ ತಲೆದೂಗಿದರು. ನನಗೆ ಉತ್ಸಾಹ ತಡೆಯಲಿಲ್ಲ. ಗುಂಡಿ ಒತ್ತಿ ಓಡಿಸುವ ಗಾಡಿಯಾದ್ದರಿಂದ, ಅದು ಚಾಲೂ ಇರುವಾಗಲೇ ಕೀಲಿಯನ್ನು ಅವರ ಕೈಗಿಟ್ಟು, "ಅತ್ತೇ, ಇನ್ಮೇಲೆ ನೀವು ಬೀಗದ ಕೈ ಇಟ್ಕೊಂಡು ಮನೇಲಿ ಕೂರೋದು ಬೇಡ. ಈ ಬೀಗದ ಕೈ ಇಟ್ಕೊಂಡು ನಮ್ಮ ಜೊತೆ ಬನ್ನಿ" ಎಂದೆ. ಮನೆಯ ಕೀಲಿಗಳನ್ನೆಲ್ಲ ಹಳೆಯ ಅಳತೆ ಟೇಪಿನ ತುಂಡಿಗೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು ಅವರ ಪದ್ಧತಿ. ಅದಕ್ಕೆ ಇದನ್ನೂ ಸೇರಿಸಿ, ಕಣ್ಣೊರೆಸಿಕೊಂಡು ಮಲಗಲು ಹೋದರು.

ಈಗ ಗಾಡಿಯ ಪ್ರವೇಶೋತ್ಸವ. ಮಗಳು ವಿಡಿಯೊ ತೆಗೆದಳು. ಹಿಂದೆ ಮುಂದೆ ಅಕ್ಕಪಕ್ಕ ಇದ್ದ ಸೆನ್ಸರುಗಳೆಲ್ಲ ಏಕಕಾಲಕ್ಕೆ ಕಿರುಚಿದವು. ಕಿಟಕಿ ಇಳಿಸಿ, ಗೋಡೆಯನ್ನು ನೋಡುತ್ತ, ಇಂಚಿಂಚಾಗಿ ಗಾಡಿಯನ್ನು ಒಳಗೆ ತೂರಿಸಿದೆ. ಒಂದು ಗೀರು ಬೀಳಲಿಲ್ಲ. ಉದ್ದವೂ ಸರಿಹೋಯಿತೇ ನೋಡೋಣವೆಂದು ಇಂಜಿನ್ ಆರಿಸಿ, "ಶಟರ್ ಎಳೀರೋ" ಎಂದು ಅವಳಿಗಳಿಗೆ ಕೂಗಿದೆ. ಅವರು ಜೀವನದಲ್ಲಿ ಮೊದಲ ಸಲ ಹೇಳಿದ ಕೆಲಸವನ್ನು ಹೇಳಿದ ತಕ್ಷಣ ಮಾಡಿದರು. ಶಟರ್ ದಡದಡನೆ ಇಳಿಯಿತು. ಹೇಳದೇ ಇದ್ದದ್ದನ್ನೂ ಮಾಡಿದರು: ಅಭ್ಯಾಸಬಲದಿಂದ ಎರಡು ಕಡೆಯೂ ಬೀಗ ಒತ್ತಿದರು. ಟಕ್. ಟಕ್.

ನಾನು ವಿಜಯದ ನಗೆ ನಕ್ಕು, ಇಳಿಯಲೆಂದು ಬಾಗಿಲು ತೆರೆದೆ. ಬಾಗಿಲು ಐದು ಇಂಚು ತೆರೆದು ಗೋಡೆಗೆ ತಾಗಿತು.

ಆ ಐದು ಇಂಚಿನಲ್ಲಿ ನನ್ನ ಕೈ ಹೋಯಿತು, ಮೊಣಕೈವರೆಗೂ ಹೋಯಿತು. ಉಳಿದ ನಾನು ಹೋಗಲಿಲ್ಲ. ಪಕ್ಕದ ಸೀಟಿಗೆ ದಾಟಿ ಆ ಬಾಗಿಲನ್ನೂ ತೆರೆದೆ. ಅಲ್ಲಿಯೂ ಐದೇ ಇಂಚು. ಅಳತೆ ಅಷ್ಟು ಕರಾರುವಾಕ್ಕು!

"ಬೀಗ ತೆಗೀರೋ!" ಎಂದು ಕೂಗಿದೆ.

ಶಟರಿನ ಆಚೆಯಿಂದ ಹೆಂಡತಿಯ ದನಿ ಬಂತು. "ಬೀಗದ ಕೈ ಅಮ್ಮನ ಕೊರಳಲ್ಲಿದೆ."

"ತಗೊಂಡು ಬಾ."

"ಅಮ್ಮ ಮಲಗಿದ್ದಾರೆ. ಒಳಗಿಂದ ಚಿಲಕ ಹಾಕ್ಕೊಂಡಿದ್ದಾರೆ. ಕಿವಿಯ ಮೆಷಿನ್ನು ಹೊರಗೆ ಮೇಜಿನ ಮೇಲಿದೆ."

"ಬಾಗಿಲು ಬಡಿ."

"ಬಡಿಯಲ್ಲ ರೀ. ನಾಳೆ ಸಮುದ್ರ ಅಂತ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಅವರು. ನಾಲ್ಕಕ್ಕೆ ಏಳ್ತಾರೆ. ದೊಡ್ಡ ಗಾಡಿ ಬೇಕು ಬೇಕು ಅಂತಿದ್ರಲ್ಲ, ಒಂದೂವರೆ ಗಂಟೆ ಕೂತ್ಕೊಳಿ."

ಕೂತೆ. ಎಷ್ಟೆಂದು ಕೂರುವುದು? ಹಿಂದಿನ ಡಿಕ್ಕಿಯ ಬಾಗಿಲೊಂದೇ ಬಿಡುಗಡೆಯ ದಾರಿ, ಶಟರ್ ತೆರೆದೊಡನೆ ಅಲ್ಲಿಂದಲೇ ಗಂಭೀರವಾಗಿ ಇಳಿದುಬಿಡೋಣ ಎಂದು ಸೀಟುಗಳ ನಡುವೆ ತೆವಳಿಕೊಂಡು ಮೂರನೇ ಸಾಲಿಗೆ ಬಂದೆ. ಬಂದು ಕೂತೊಡನೆ ಮುಂದಿನ ಸೀಟು ಕಟಕ್ಕೆಂದು ಹಿಂದೆ ಬಂದು ನನ್ನ ಮಂಡಿಗಳನ್ನು ನನ್ನ ಗಲ್ಲಕ್ಕೆ ಒಪ್ಪಿಸಿತು. ಅದನ್ನು ಸರಿಸುವ ಗುಂಡಿ ಸೀಟಿನ ಆ ಪಕ್ಕದಲ್ಲಿತ್ತು, ನನ್ನ ಕೈಗಳು ಈ ಪಕ್ಕದಲ್ಲಿದ್ದವು. ಮಡಚಿ ಡಬ್ಬಿಗೆ ಹಾಕಿಟ್ಟ ಅಂಗಿಯಂತೆ ಆದೆ.

ಆ ಹೊತ್ತಿಗೆ ಹಲ್ಲಿನ ಡಾಕ್ಟರು ಪ್ಯಾಂಟು ಒಯ್ಯಲು ಬಂದರು. "ದರ್ಜಿ ಎಲ್ಲಿ?" ಎಂದದ್ದು ಕೇಳಿಸಿತು. "ಹೊಸ ಗಾಡಿ ಒಳಗಿದ್ದಾರೆ" ಎಂದಳು ಹೆಂಡತಿ. ಸುಳ್ಳೇನಲ್ಲ. ಡಾಕ್ಟರು ಶಟರಿನ ಹತ್ತಿರ ಬಂದು ಕೂಗಿದರು.

"ಹೇಗಿದೆ ಗಾಡಿ?"

"ಬಹಳ ಚೆನ್ನಾಗಿದೆ ಡಾಕ್ಟ್ರೇ."

"ಮೂರನೇ ಸಾಲು?"

ನನ್ನ ಗಲ್ಲ ಮಂಡಿಯ ಮೇಲಿತ್ತು. ಬಲಗಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಆದರೂ ಗಾಡಿ ಈಗ ನನ್ನದು.

"ತುಂಬಾ ವಿಶಾಲ" ಎಂದೆ.

ಶಟರಿನ ಆಚೆ ಯಾರೋ ಕೆಮ್ಮಿದರು. ಈ ಸಲ ಕೆಮ್ಮಿದವಳು ನನ್ನ ಹೆಂಡತಿ.

ನಾಲ್ಕು ಗಂಟೆಗೆ ಅತ್ತೆ ಎದ್ದರು. ಬೀಗಗಳು ಬಿಚ್ಚಿದವು, ಶಟರ್ ಮೇಲೇರಿತು, ಅವಳಿಗಳು ಡಿಕ್ಕಿಯ ಬಾಗಿಲು ಎತ್ತಿದರು. ಬೆಳಕಿನಲ್ಲಿ ನಾನು ನನ್ನ ಕುಟುಂಬಕ್ಕೆ, ಪ್ಯಾಂಟು ತೊಟ್ಟು ನೋಡುವ ನೆಪದಲ್ಲಿ ಇನ್ನೂ ಹೋಗದೇ ಇದ್ದ ಡಾಕ್ಟರಿಗೆ, ಆರತಿಯೊಂದು ಬಾಕಿ ಎನ್ನುವ ಹಾಗೆ ದರ್ಶನ ಕೊಟ್ಟೆ. ಮಗಳು ಡಿಕ್ಕಿಯಿಂದ ಒಳಗೆ ತೂರಿ ಗುಂಡಿ ಒತ್ತಿ ಸೀಟು ಸರಿಸಿದಳು. ಸೀಟಿನ ಬೆನ್ನಿನ ಮೇಲಿಂದ ಹೊರಗೆ ಉರುಳಿ, ಕಾಲಿಗೆ ರಕ್ತ ಬರಲೆಂದು ನೆಲದ ಮೇಲೇ ಕೂತೆ.

ಅತ್ತೆ ಗಾಡಿಯ ಆ ಪಕ್ಕದ ಸಂದಿ ನೋಡಿದರು. ಈ ಪಕ್ಕದ ಸಂದಿ ನೋಡಿದರು. ಐದು ಇಂಚಿನೊಳಗೆ ನಾಲ್ಕು ಬೆರಳು ತೂರಿಸಿ ನೋಡಿದರು. ಕೊನೆಗೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಫಿಟಿಂಗ್ ಚೆನ್ನಾಗಿದೆ ಕಣೋ. ಬಿಚ್ಚೋದು ಹೇಗೆ?"

ಇಪ್ಪತ್ತು ವರ್ಷದ ಬಡ್ತಿ ಒಂದು ಗಳಿಗೆಯಲ್ಲಿ ಹೋಯಿತು. ನಾನು ಮತ್ತೆ ಕಾಜಾ ಹೊಲಿಯುವ ಹುಡುಗ.

ಭಾನುವಾರ ಬೆಳಿಗ್ಗೆ, ರಾತ್ರಿಯೆಲ್ಲ ಬೀದಿಯಲ್ಲೇ ನಿಂತಿದ್ದ ಗಾಡಿಯ ಮುಂದೆ ಎಲ್ಲರೂ ಸೇರಿದೆವು. ಅತ್ತೆ ಮುಂದಿನ ಬಾಗಿಲಿಗೆ ಬಂದು ಕಾಲೆತ್ತಿದರು. ಮಂಡಿ ಮೇಲೇರಲಿಲ್ಲ. ಇನ್ನೊಂದು ಕಾಲೆತ್ತಿದರು. ಅದೂ ಏರಲಿಲ್ಲ. ಗಾಡಿಯ ಮೆಟ್ಟಿಲು ಅವರ ಮಂಡಿಗೆ ಸಮನಾಗಿತ್ತು. ಹೆಂಡತಿ ಕೇಳಿದ್ದು ಅದೊಂದನ್ನೇ. ಕನ್ನಡಿ ಮಡಚಿ, ಬಿಚ್ಚಿ, ಗೋಡೆಗಳನ್ನೆಲ್ಲ ಅಳೆದ ನಾನು ಯಾರಿಗಾಗಿ ಗಾಡಿ ಕೊಂಡೆನೋ ಅವರ ಮಂಡಿಯನ್ನು ಅಳೆದಿರಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ನೀವು ಹೋಗಿ ಬನ್ನಿ" ಎಂದರು ಅತ್ತೆ, ಮೆಲ್ಲಗೆ. "ಯಾರಾದ್ರೂ ಬೀಗದ ಕೈ..."

"ಅತ್ತೇ, ಇನ್ನೊಂದು ಮಾತಾಡಬೇಡಿ" ಎಂದು ನಾನು ಒಳಗೆ ಓಡಿದೆ. ಹೊಲಿಗೆ ಯಂತ್ರದ ಕೆಳಗೆ ಒಂದು ಮರದ ಪುಟ್ಟ ಸ್ಟೂಲಿದೆ. ಕಾಲು ಊದಿಕೊಂಡ ದಿನಗಳಲ್ಲಿ ಅತ್ತೆ ಅದರ ಮೇಲೆ ಕಾಲಿಟ್ಟು ಕಾಜಾ ಹಾಕುತ್ತಿದ್ದರು. ಅದನ್ನು ತಂದು ಬಾಗಿಲ ಕೆಳಗಿಟ್ಟೆ. ಅತ್ತೆ ಸ್ಟೂಲಿನ ಮೇಲೊಂದು ಹೆಜ್ಜೆ, ಮೆಟ್ಟಿಲಿನ ಮೇಲೊಂದು ಹೆಜ್ಜೆ ಇಟ್ಟು ಸೀಟಿಗೆ ಬಂದು ಕೂತರು. ಅಷ್ಟೇ. ಅಷ್ಟೂ ಸಂಶೋಧನೆಗೆ ಒಂದು ಸ್ಟೂಲು ಸಾಕಾಗಿತ್ತು.

ಹೆಂಡತಿ ನನ್ನ ಮುಂದೆ ಕೈ ಚಾಚಿದಳು. "ಸ್ಟಿಯರಿಂಗ್ ನನಗೆ ಬಿಡಿ. ನೀವು ಮೂರನೇ ಸಾಲು. ವಿಶಾಲವಾಗಿದೆ ಅಂದ್ರಲ್ಲ."

ಮೂರು ಗಂಟೆಯ ದಾರಿ. ಸ್ಟೂಲು ಇಡಲು ಬೇರೆ ಜಾಗವಿಲ್ಲದ್ದರಿಂದ ಅದು ನನ್ನ ತೊಡೆಯ ಮೇಲೆ ಕೂತು ಬಂತು. ಎದುರಿಗೆ ಬಂದವರು ಒಬ್ಬರೂ ದಾರಿ ಬಿಡಲಿಲ್ಲ.

ಸಮುದ್ರ ಬಂತು. ಅತ್ತೆ ಸ್ಟೂಲಿನ ಮೇಲೆ ಕಾಲಿಟ್ಟು ಇಳಿದರು, ಮಗಳ ಕೈ ಹಿಡಿದು ಮರಳಿನ ಮೇಲೆ ನಡೆದರು, ನೀರು ಪಾದ ತಾಕುವಲ್ಲಿ ನಿಂತರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ನೀರು ಆಕಾಶಕ್ಕೆ ಸೇರುವ ಗೆರೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ನಾನು ಕುಂಟಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

"ಹೇಗಿದೆ ಅತ್ತೇ?"

"ಸಡಿಲ ಚೆನ್ನಾಗಿ ಬಿಟ್ಟಿದ್ದಾರೆ ಕಣೋ" ಎಂದರು. "ಕೆಲಸ ಕಲಿತವರು ಹೊಲಿದಿರೋದು."