ಕಂಪೌಂಡ್ ಕಟಿಂಗ್

ಕಬ್ಬಿನ ಎಲೆಗೆ ಹಲ್ಲಿರುತ್ತವೆ ಎಂಬುದನ್ನು ಅಕ್ಕೋಳದಲ್ಲಿ ಹುಟ್ಟಿ ಬೆಳೆದ ಪಾರಿಸನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಹಲ್ಲು ಕಾರಿನ ಬಣ್ಣವನ್ನೂ ಕಚ್ಚುತ್ತವೆ ಎಂಬುದು ಮಾತ್ರ ಅವನಿಗೆ ತಿಳಿದದ್ದು ಆ ಐತವಾರ ಬೆಳಿಗ್ಗೆ, ಮಾವನ ಕರೀ ಕಾರಿನ ಮೇಲೆ ಬಕೀಟು ನೀರು ಸುರಿದಾಗ. ಧೂಳು ಇಳಿದು ಹೋಯಿತು. ಧೂಳಿನ ಕೆಳಗೆ ಗೀರು. ಬಾಗಿಲ ಮೇಲೆ ಗೀರು, ಬಾನೆಟ್ಟಿನ ಮೇಲೆ ಗೀರು, ಡಿಕ್ಕಿಯ ಮೇಲೂ ಗೀರು. ಊರಿನ ಬೆಕ್ಕುಗಳೆಲ್ಲ ಕಾರಿನ ಮೇಲೆ ಸಭೆ ಸೇರಿ, ಜಗಳಾಡಿ ಎದ್ದು ಹೋದಂತೆ ಕಾಣುತ್ತಿತ್ತು.

ಕಾರು ಸದಲಗಾದ ಭೀಮಗೊಂಡ ಮಾವನದು, ಅಂದರೆ ಪಾರಿಸನ ತಾಯಿ ಲಕ್ಷ್ಮಿಬಾಯಿಯ ಅಣ್ಣನದು. ಜೈನರ ಶಿಖರಜಿ ಬೆಟ್ಟದ ಯಾತ್ರೆಯ ಬಸ್ಸು ಅಕ್ಕೋಳದಿಂದ ಹೊರಡುವುದಿತ್ತು. ಹಾಗಾಗಿ ಮಾವ ಹದಿನೈದು ದಿನದ ಹಿಂದೆ ಬೆಳಕು ಹರಿಯುವ ಮುಂಚೆಯೇ ಬಂದು, ಕಾರನ್ನು ತಂಗಿಯ ಅಂಗಳದಲ್ಲಿ ನಿಲ್ಲಿಸಿ, ತಾನೇ ಅದಕ್ಕೆ ಹೊದಿಕೆ ಹೊದಿಸಿ, ಹಗ್ಗ ಬಿಗಿದು ಬಸ್ಸು ಹತ್ತಿದ್ದ. ದಿನಕ್ಕೆರಡು ಸಲ ಕಾರು ಒರೆಸುವ ಮನುಷ್ಯ ಅಂದು ಧೂಳು ಮೆತ್ತಿದ್ದನ್ನು ಹಾಗೇ ಬಿಟ್ಟು ಹೋದ. ಯಾತ್ರೆಯ ಗಡಿಬಿಡಿ ಎಂದುಕೊಂಡರು ಮನೆಯವರು. ಹೋಗುವಾಗ ಪಾರಿಸನಿಗೆ ಒಂದು ಮಾತು ಹೇಳಿದ್ದ.

"ಬೇಕಾದ್ರ ಹೊಡಿಯೋ, ಆದ್ರ ಹುಷಾರ. ಗಾಡಿ ಹೆಂಗ ಸಂಬಾಳಸ್ತಿ ನೋಡೂಣು. ಮುಂದಿನ ಮಾತು ನಾ ಬಂದ ಮ್ಯಾಲ."

ಮುಂದಿನ ಮಾತು ಅಂದರೆ ಬ್ರಾಹ್ಮಿ, ಮಾವನ ಮಗಳು. ಪಾರಿಸ ಅವಳ ಹೆಸರಿನಲ್ಲಿ ಮೂರು ವರ್ಷದಿಂದ ಸದಲಗಾದ ಕಡೆ ಮುಖ ಮಾಡಿ ಮಲಗುತ್ತಿದ್ದ.

ಕಾರು ಹೊಡೆದದ್ದು ಒಂದೇ ಸಲ. ಅದೂ ಸಂಜೆ ಹೊತ್ತಿಗೆ, ತೋಟದ ತನಕ, ಎರಡೂ ಕಡೆ ಕಬ್ಬು ಬಾಗಿ ನಿಂತ ಹಾದಿಯಲ್ಲಿ, ಗಾಜು ಏರಿಸಿ ಹಾಡು ಹಚ್ಚಿಕೊಂಡು. ಆ ಹಾಡಿನ ಹಿಂದೆ ಹೊರಗೆ ಸರಸರ ಅನ್ನುತ್ತಿದ್ದದ್ದು ಇದೇ ಎಂದು ಈಗ ಗೊತ್ತಾಯಿತು. ಮಾವನ ಬಸ್ಸು ಬರುವುದು ಇವತ್ತೇ ಸಂಜೆ.

ಪಾರಿಸ ಫೋನು ಹಿಡಿದು ಅಂಗಳದ ಮೂಲೆಗೆ ಓಡಿದ. ಆ ಓಣಿಯಲ್ಲಿ ರೇಂಜು ಸಿಗುವುದು ಅದೊಂದೇ ಮೂಲೆಯಲ್ಲಿ, ಅದೂ ಕಲ್ಲಿನ ಮೇಲೆ ನಿಂತರೆ. ನಿಪ್ಪಾಣಿಯಲ್ಲಿ ಅವನ ಗೆಳೆಯ ತುಕಾರಾಮ ಕಾರುಗಳನ್ನು ಉಜ್ಜಿ ಹೊಳಪು ಕೊಡುವ ಅಂಗಡಿ ಇಟ್ಟಿದ್ದ. ಗೀರಿನ ಮೇಲೆ ಉಗುರು ಎಳೆದು ನೋಡು, ಉಗುರು ತಡೆಯುತ್ತದೇನು ಎಂದು ತುಕಾರಾಮ ಕೇಳಿದ. ಪಾರಿಸ ಓಡಿ ಹೋಗಿ ನೋಡಿ ಬಂದ. ತಡೆಯಲಿಲ್ಲ. ಹಾಗಾದರೆ ಗೀರು ಮೇಲ್ಮೇಲಿನವು, ಮಶೀನಿನಿಂದ ಹೋಗುತ್ತವೆ ಎಂದ ತುಕಾರಾಮ. ಹಲ್ಲಿನ ಪೇಸ್ಟಿನಂಥ ಬಿಳೀ ಮುಲಾಮು ಇರುತ್ತದೆ, ಗ್ಯಾರೇಜಿನವರು ಅದಕ್ಕೆ ಕಂಪೌಂಡ ಅನ್ನುತ್ತಾರೆ. ಅದನ್ನು ಬಣ್ಣಕ್ಕೆ ಹಚ್ಚಿ, ಮೆತ್ತನೆಯ ಬಿಲ್ಲೆ ಕೂಡಿಸಿದ ಮಶೀನಿನಿಂದ ತಿರುಗಿಸಿ ಉಜ್ಜಿದರೆ ಕೂದಲೆಳೆಯಷ್ಟು ಬಣ್ಣ ಕಡಿದು ಗೀರು ಮಾಯವಾಗುತ್ತದೆ. ಆ ಕೆಲಸದ ಹೆಸರು ಕಂಪೌಂಡ ಕಟಿಂಗ. ಆಮೇಲೆ ಪಾಲಿಶ್.

ರೇಂಜು ಹೋಗಿ ಬಂದು ಮಾಡುತ್ತಿದ್ದರಿಂದ ಪಾರಿಸ ಓಣಿಗೆಲ್ಲ ಕೇಳುವಂತೆ ಕೂಗಿದ. "ಹೌದೋ, ಇವತ್ತ ಕಂಪೌಂಡ ಕಟಿಂಗ ಮಾಡಿ ಮುಗಸಾವ ನಾ. ಮಶೀನ ಕೊಡು. ಮಾವ ಬರೋದ್ರಾಗ ಎಲ್ಲಾ ಸಾಫ್ ಆಗಬೇಕ. ಯಾರಿಗೂ ಹೇಳಬ್ಯಾಡ."

ಯಾರಿಗೂ ಹೇಳಬೇಡ ಎಂಬುದನ್ನು ಅಷ್ಟು ಜೋರಾಗಿ ಹೇಳಿದವರು ಆ ತಾಲೂಕಿನಲ್ಲಿ ಬೇರೆ ಯಾರೂ ಇರಲಾರರು.

ಆ ಮೂಲೆಯ ಆಚೆ ಬದಿಗೆ ನೆರೆಮನೆಯ ಬಾಪುಸಾಹೇಬ ಕಾಕಾ ಹಲ್ಲು ತಿಕ್ಕುತ್ತಾ ಕುಕ್ಕರಗಾಲಿನಲ್ಲಿ ಕೂತಿದ್ದ. ನಡುವೆ ಇದ್ದದ್ದು ಎದೆಯೆತ್ತರದ ಇಟ್ಟಂಗಿ ಗೋಡೆ. ಬಾಪುಸಾಹೇಬನ ಅಪ್ಪ ಬರೀ ಮಣ್ಣಿನಲ್ಲಿ ಕಟ್ಟಿಸಿ ಮೇಲೆ ಸುಣ್ಣ ಬಳಿಸಿದ್ದು. ಓಣಿಯವರೆಲ್ಲ ಅದನ್ನು ಕಂಪೌಂಡ ಅಂತಲೇ ಕರೆಯುವುದು. ಈ ಕಂಪೌಂಡ ಒಂದು ಮೊಳ ನಮ್ಮ ಜಾಗಕ್ಕೆ ಬಂದೈತಿ ಎಂದು ಪಾರಿಸ ಹೋದ ದೀಪಾವಳಿಯಲ್ಲಿ ಬಾಯಿಬಿಟ್ಟಿದ್ದ. ಅಂದಿನಿಂದ ಬಾಪುಸಾಹೇಬ ಬೆಳಿಗ್ಗೆ ಎದ್ದರೆ ದೇವರ ಮುಖ ನೋಡುವ ಮುಂಚೆ ಆ ಗೋಡೆಯ ಮುಖ ನೋಡುತ್ತಿದ್ದ.

ಅವನು ಬಾಯಿ ಮುಕ್ಕಳಿಸುವುದನ್ನೂ ಮರೆತು ಒಳಗೆ ಹೆಂಡತಿಯ ಹತ್ತಿರ ಓಡಿದ. "ಚನ್ನವ್ವಾ, ಕೇಳಿದೇನ? ಪಾರ್ಯಾ ಇವತ್ತ ನಮ್ಮ ಕಂಪೌಂಡ ಕಡೀತಾನಂತ."

ಪಾರಿಸ ನಿಪ್ಪಾಣಿಗೆ ಹೋಗಿ ಮಶೀನು, ಕಂಪೌಂಡಿನ ಡಬ್ಬಿ ತಂದ. ಚೀಲದಲ್ಲಿ ಸುತ್ತಿ ತಂದ. ಯಾಕೆಂದರೆ ಬಾಪುಸಾಹೇಬ ಮತ್ತು ಮಾವ ಹಳೇ ದೋಸ್ತರು. ಬಾಪುಸಾಹೇಬನ ಕಿವಿಗೆ ಬಿದ್ದದ್ದು ಸದಲಗಾ ತಲುಪಲು ಒಂದು ಚಹಾ ಕುದಿಯುವಷ್ಟು ಹೊತ್ತು ಸಾಕು. ಗೀರಿನ ಸುದ್ದಿ ಆ ಗೋಡೆ ದಾಟಬಾರದು. ಆದರೆ ಬಾಗಿಲಲ್ಲೇ ಬಾಪುಸಾಹೇಬ ಅಡ್ಡ ನಿಂತಿದ್ದ. ಚೀಲದಾಗ ಏನೈತಿ ಎಂದ.

"ಬದನಿಕಾಯಿರಿ ಕಾಕಾ," ಎಂದ ಪಾರಿಸ.

ಬಾಪುಸಾಹೇಬ ಚೀಲದ ಬಾಯಿಯಿಂದ ಇಳಿಬಿದ್ದ ವೈರು ನೋಡಿದ. "ಈ ಬದನಿಕಾಯಿ ಕರೆಂಟ ಮ್ಯಾಲ ನಡೀತಾವೇನೋ?"

ಒಬ್ಬ ಮನುಷ್ಯ ತನ್ನ ಅಂಗಳದಲ್ಲಿ, ತನ್ನ ಕೈಯಿಂದ, ಯಾರ ತಂಟೆಗೂ ಹೋಗದೆ ಒಂದು ಕೆಲಸ ಮಾಡಿಕೊಳ್ಳುತ್ತೇನೆ ಅಂದರೆ ನಮ್ಮ ಊರುಗಳಲ್ಲಿ ಅದು ಆಗದ ಮಾತು. ನಿಮ್ಮ ಮನೆಗೆ ಬೆಂಕಿ ಹತ್ತಿದರೆ ನೀರು ತರಲು ಮಂದಿ ಸಿಗುವುದಿಲ್ಲ. ನೀವು ಒಂದು ಚೀಲ ಒಳಗೆ ಒಯ್ದರೆ ಅದರೊಳಗೆ ಏನಿದೆ ಎಂದು ನೋಡಲು ಇಡೀ ಓಣಿ ಕೆಲಸ ಬಿಟ್ಟು ಬರುತ್ತದೆ. ಪಾರಿಸ ಕಾರಿನ ಸುತ್ತ ಅವ್ವನ ಹಳೇ ಸೀರೆಗಳನ್ನು ಕಟ್ಟಿ ಪರದೆ ಮಾಡಿದ. ಅದನ್ನು ಕಂಡ ಓಣಿಗೆ ಇದ್ದ ಸಂಶಯವೂ ಹೋಯಿತು. ಕಳ್ಳತನದ ಕೆಲಸವಲ್ಲದಿದ್ದರೆ ಪರದೆ ಯಾಕೆ?

ಪರದೆಯ ಹಿಂದೆ ಪಾರಿಸ ಬಿಲ್ಲೆಯ ಮೇಲೆ ಕಂಪೌಂಡ ಹಿಂಡಿದ. ನಾಲ್ಕು ಹನಿ ಹಚ್ಚು, ಮೊದಲು ಮೆಲ್ಲಗೆ ಹರವು, ಆಮೇಲೆ ಜೋರು ಮಾಡು ಎಂದು ತುಕಾರಾಮ ಹೇಳಿಕೊಟ್ಟಿದ್ದ. ಪಾರಿಸ ಒಂದು ಬೊಗಸೆ ಹಚ್ಚಿ ಮೊದಲೇ ಜೋರು ಮಾಡಿದ. ಮಶೀನು ಗೂಳಿಯಂತೆ ಒದರಿ ಬಾನೆಟ್ಟಿನ ಮೇಲೆ ಕುಣಿಯಿತು. ಬಿಳೀ ಕಂಪೌಂಡ ನಾಲ್ಕೂ ದಿಕ್ಕಿಗೆ ಸಿಡಿಯಿತು. ಅದೇ ಹೊತ್ತಿಗೆ ಗೋಡೆಯ ಮೇಲಿಂದ ಪರದೆಯೊಳಗೆ ಇಣುಕಲು ಬಂದಿದ್ದ ಬಾಪುಸಾಹೇಬನ ಹಣೆ, ಮೂಗು, ಮೀಸೆಯ ಮೇಲೆಲ್ಲ ಬಿತ್ತು.

ಬಾಪುಸಾಹೇಬ ಮೀಸೆ ಮುಟ್ಟಿಕೊಂಡು ನೋಡಿದ. ಕೈಗೆ ಬಿಳಿ ಹತ್ತಿತು. "ಸುಣ್ಣ ಹಾರಾಕತ್ತೈತಿ," ಎಂದು ಓಣಿಗೆ ಸಾರಿದ. "ಗ್ವಾಡಿಗೆ ಮಶೀನ ಹಚ್ಚ್ಯಾನ."

ಆಮೇಲೆ ಮೆಂಬರ ಹಾಲೇಶ ಬಂದ. ಪಂಚಾಯಿತಿಗೆ ಆರಿಸಿ ಬಂದಾಗಿನಿಂದ ಅವನಿಗೆ ಮಾಡಲು ಒಂದೂ ಕೆಲಸ ಸಿಕ್ಕಿರಲಿಲ್ಲ, ಇದು ಸಿಕ್ಕಿತು. ಹೊಟ್ಟೆ ಮುಂದೆ, ತಾನು ಹಿಂದೆ ಆಗಿ ಅಂಗಳಕ್ಕೆ ಬಂದು, ಕಂಪೌಂಡ ಕಡಿಯಲು ಯಾರ ಪರವಾನಗಿ ಐತಿ ಎಂದು ಕೇಳಿದ. ಪಾರಿಸ ಡಬ್ಬಿ ಹಿಡಿದು ಹೊರಗೆ ಬಂದ. ಇಟ್ಟಂಗಿಯ ಕಂಪೌಂಡ ಬೇರೆ, ಇದು ಬೇರೆ, ಇದೇ ಕಂಪೌಂಡ ಎಂದು ಡಬ್ಬಿ ತೋರಿಸಿದ.

ಬಾಪುಸಾಹೇಬ ನಗಲಿಲ್ಲ. "ಡಬ್ಬಿಯಾಗ ಕಂಪೌಂಡ ಇರತೈತೇನಲೇ?"

ಹಾಲೇಶ ಡಬ್ಬಿಯನ್ನು ಮೂಸಿ ನೋಡಿದ. ಸರಿ, ಇದನ್ನ ಯಾಕ ಹಚ್ಚತಿ, ಎಲ್ಲಿ ಹಚ್ಚತಿ, ತೋರಸು ಎಂದ. ಪಾರಿಸ ಪರದೆಯ ಕಡೆ ನೋಡಿದ. ಪರದೆ ಸರಿಸಿದರೆ ಗೀರು ಕಾಣುತ್ತವೆ. ಗೀರು ಕಂಡರೆ ಮಾವ. ಮಾವನಿಗೆ ತಿಳಿದರೆ ಬ್ರಾಹ್ಮಿ. ಸುಮ್ನ ರಿ, ಹಂಗ ತಂದೀನಿ ಎಂದು ಡಬ್ಬಿ ಕಸಿದುಕೊಂಡು ಒಳಗೆ ಹೋದ.

"ನೋಡ್ರಿ," ಎಂದ ಬಾಪುಸಾಹೇಬ. ಇನ್ನೇನು ಹೇಳುವ ಅಗತ್ಯವೂ ಇರಲಿಲ್ಲ.

ಉಪಾಯ ಚನ್ನವ್ವನದು. ಗ್ವಾಡಿ ಮ್ಯಾಲ ಮಂದಿ ಕುಂತ್ರ ಅದೆಂಗ ಕಡೀತಾನ ಕಡೀಲಿ ಎಂದಳು. ಬಾಪುಸಾಹೇಬನ ಅಣ್ಣತಮ್ಮಂದಿರು ಹತ್ತಿ ಕೂತರು. ಅವರ ಮಕ್ಕಳು ಕೂತರು. ಆ ಜಗಳಕ್ಕೆ ಯಾವ ಸಂಬಂಧವೂ ಇಲ್ಲದ, ದಾರಿಯಲ್ಲಿ ಹೊರಟಿದ್ದ ಹಾಲಿನವನೂ ಕ್ಯಾನು ಕೆಳಗಿಟ್ಟು ಹತ್ತಿ ಕೂತ. ಮಂದಿ ಕಾಲು ಇಳಿಬಿಟ್ಟು, ಶೇಂಗಾ ತಿನ್ನುತ್ತಾ, ಸಿಪ್ಪೆಯನ್ನು ಪಾರಿಸನ ಅಂಗಳಕ್ಕೆ ಎಸೆಯುತ್ತಾ ಗೋಡೆ ಕಾಯತೊಡಗಿದರು. ಲಕ್ಷ್ಮಿಬಾಯಿ ಹೊರಗೆ ಬಂದು, ಏನು ನಡೆಸೀರಿ, ನನ್ನ ಮಗ ಗಾಡಿ ತೊಳ್ಯಾಕತ್ತಾನ ಎಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಶೀನು ಹಚ್ಚಿ ಗಾಡಿ ತೊಳಿಯೋದು ನಾವು ನೋಡಿಲ್ಲವ್ವಾ ಎಂದಳು ಚನ್ನವ್ವ.

ಪಾರಿಸನ ರಕ್ತ ಕುದಿಯುತ್ತಿತ್ತು. ಆ ಸಿಟ್ಟೆಲ್ಲ ಕೈಗೆ ಇಳಿದದ್ದೇ ಒಳ್ಳೆಯದಾಯಿತು. ಮಶೀನನ್ನು ಅದುಮಿ ಹಿಡಿದು, ಅಡ್ಡ ಒಮ್ಮೆ, ಉದ್ದ ಒಮ್ಮೆ, ಬಟ್ಟೆಯಿಂದ ಒರೆಸಿ ಮತ್ತೊಮ್ಮೆ, ಬಾಗಿಲಾದ ಮೇಲೆ ಬಾಗಿಲು ಉಜ್ಜಿದ. ಗೀರು ಹೋದವು. ಕರೀ ಬಣ್ಣ ಬಾವಿಯ ನೀರಿನಂತೆ ಹೊಳೆಯಿತು. ಅದರಲ್ಲಿ ಅವನ ಮುಖ ಕಂಡಿತು, ಅವನ ಮುಖದ ಹಿಂದೆ ಸೀರೆಯ ಪರದೆ ಕಂಡಿತು. ಅವನ ಕಣ್ಣಿಗೆ ಮಾತ್ರ ಆ ಸೀರೆಗಳ ನಡುವೆ ಬ್ರಾಹ್ಮಿಯೂ ಕಂಡಳು.

ಕೊನೆಯ ಬಾಗಿಲು ಉಳಿದಿತ್ತು. ಹೊರಗೆ ಹಾಲೇಶನಿಗೆ ನಿಂತು ನಿಂತು ಕಾಲು ನೋವು ಬಂದಿತ್ತು. ಸರೀರಿ ಸ್ವಲ್ಪ ಎಂದು ಗೋಡೆಯ ನಟ್ಟನಡುವೆ ಜಾಗ ಮಾಡಿಸಿ, ಇಬ್ಬರ ಕೈಹಿಡಿದು, ಉಸಿರು ಕಟ್ಟಿ ಹಾರಿ ಕೂತ.

ಗೋಡೆ ಒಂದು ಸಲ ನರಳಿತು. ಆಮೇಲೆ ಕಾವಲುಗಾರರೆಲ್ಲರ ಸಮೇತ ಬಾಪುಸಾಹೇಬನ ಅಂಗಳದ ಕಡೆಗೆ ಮಲಗಿಬಿಟ್ಟಿತು.

ಯಾರಿಗೂ ಏನೂ ಆಗಲಿಲ್ಲ. ಹಾಲೇಶ ಸೆಗಣಿಯ ಕುಪ್ಪೆಯ ಮೇಲೆ ಬಿದ್ದ, ಉಳಿದವರು ಹಾಲೇಶನ ಮೇಲೆ ಬಿದ್ದರು. ಧೂಳು ಇಳಿದಾಗ ಎಲ್ಲರಿಗೂ ಕಂಡದ್ದು ಒಂದೇ. ಪರದೆಯ ಹೊರಗೆ, ಸಪ್ಪಳ ಕೇಳಿ ಓಡಿ ಬಂದ ಪಾರಿಸ, ಕೈಯಲ್ಲಿ ಗರಗರ ತಿರುಗುವ ಮಶೀನು ಹಿಡಿದು ನಿಂತಿದ್ದ.

ಅದೇ ಹೊತ್ತಿಗೆ ಯಾತ್ರೆಯ ಬಸ್ಸು ಬಂತು. ಭೀಮಗೊಂಡ ಮಾವ ಕೊರಳಲ್ಲಿ ಹಾರ, ಕೈಯಲ್ಲಿ ಪ್ರಸಾದದ ಚೀಲ ಹಿಡಿದು ಅಂಗಳಕ್ಕೆ ಬಂದ. ಹಿರಿಯ ಮನುಷ್ಯ, ಪುಣ್ಯಕ್ಷೇತ್ರದಿಂದ ಈಗಷ್ಟೇ ಬಂದವನು. ನ್ಯಾಯವನ್ನು ಅವನ ಮುಂದೆಯೇ ಇಟ್ಟರು. ಬಾಪುಸಾಹೇಬ ಬೆಳಿಗ್ಗೆ ಕಿವಿಯಾರೆ ಕೇಳಿದ್ದನ್ನು ಹೇಳಿದ. ಚನ್ನವ್ವ ಬದನೆಕಾಯಿಯ ಕತೆ ಹೇಳಿದಳು. ಹಾಲೇಶ ದೂರ ನಿಂತು ಹೇಳಿದ, ಯಾಕೆಂದರೆ ಅವನನ್ನು ಯಾರೂ ಹತ್ತಿರ ಬಿಡಲಿಲ್ಲ.

ಮಾವ ಪಾರಿಸನ ಕಡೆ ತಿರುಗಿದ. "ಇವತ್ತ ಕಂಪೌಂಡ ಕಟಿಂಗ ಮಾಡ್ತೀನಿ ಅಂದಿದ್ದಿ ಹೌದೋ ಅಲ್ಲೋ?"

"ಅಂದಿದ್ನಿರಿ ಮಾವಾ."

"ಯಾವ ಕಂಪೌಂಡ?"

ಪಾರಿಸ ಮಾವನ ಮುಖ ನೋಡಿದ. ಡಬ್ಬಿಯ ಕಂಪೌಂಡ ಅಂದರೆ, ಯಾತಕ್ಕೆ ಅನ್ನುತ್ತಾನೆ. ಯಾತಕ್ಕೆ ಎಂದು ಹೇಳಿದರೆ ಮುಂದಿನ ಮಾತು ಅಲ್ಲಿಗೇ ಮುಗಿಯಿತು. ಬಿದ್ದ ಗೋಡೆಯನ್ನು ಮತ್ತೆ ಕಟ್ಟಬಹುದು. ಬ್ರಾಹ್ಮಿ ಕಾಗವಾಡಕ್ಕೋ ರಾಯಬಾಗಕ್ಕೋ ಸೊಸೆಯಾಗಿ ಹೋದರೆ ಏನು ಮಾಡುವುದು?

"ಇದೇ ಕಂಪೌಂಡರಿ," ಎಂದು ಇಟ್ಟಂಗಿಯ ರಾಶಿ ತೋರಿಸಿದ. "ನಮ್ಮ ಜಾಗಕ್ಕ ಬಂದಿತ್ರಿ. ಕಡಿಯಾಕ ಮಶೀನ ತಂದಿದ್ನಿ."

ಲಕ್ಷ್ಮಿಬಾಯಿ ಹಣೆ ಬಡಿದುಕೊಂಡಳು. ಪಾರಿಸ ತನ್ನ ಕೈಯಿಂದಲೇ ಗೋಡೆ ಮತ್ತೆ ಕಟ್ಟಿಕೊಡಬೇಕು, ಈ ಸಲ ಸಿಮೆಂಟಿನಲ್ಲಿ, ಬಾಪುಸಾಹೇಬ ಹೇಳಿದ ಗೆರೆಯ ಮೇಲೆ ಎಂದು ನ್ಯಾಯ ಮುಗಿಯಿತು. ಬಾಪುಸಾಹೇಬ ಹೇಳಿದ ಗೆರೆ ಹಳೇ ಗೆರೆಗಿಂತ ಇನ್ನೂ ಒಂದು ಮೊಳ ಈಚೆಗಿತ್ತು. ಪಾರಿಸ ಹೂಂ ಅಂದ.

ಮಂದಿ ಚದುರಿದ ಮೇಲೆ ಮಾವ ಪರದೆ ಸರಿಸಿದ. ಕಾರು ನೋಡಿದ. ತಾನು ಹತ್ತುವ ಬದಿಗೆ ಬಾನೆಟ್ಟಿನಿಂದ ಡಿಕ್ಕಿಯ ತನಕ ನಡೆದ. ಬಾಗಿಲ ಹತ್ತಿರ ಬಗ್ಗಿ, ಮೇಲೆ ಕೈಯಾಡಿಸಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದ. ಆಮೇಲೆ ಅಳಿಯನನ್ನು ಕಾರಿನೊಳಗೆ ಕರೆದು ಕೂಡಿಸಿ ಗಾಜು ಏರಿಸಿದ.

"ಯಾರ ಮುಂದೂ ಆಡಬ್ಯಾಡ," ಎಂದು ಮೆಲ್ಲಗೆ ಹೇಳಿದ. "ಯಾತ್ರಾಕ್ಕ ಹೋಗೋ ಹಿಂದಿನ ದಿನ ನಾ ಇದನ್ನ ಕಬ್ಬಿನಾಗ ಹೊಗಿಸಿದ್ದೆ. ಮೈಯೆಲ್ಲಾ ಗೀರ ಬಿದ್ದಿದ್ದುವು. ಬ್ಯಾಡ ಅಂತ ಬ್ರಾಹ್ಮಿ ಬಡಕೊಂಡಿದ್ಲು. ಆಕಿ ನೋಡಿದ್ರ ಮನಿ ಹೊಗಸ್ತಿದ್ದಿಲ್ಲ. ಅದಕ್ಕ ಧೂಳ ಸುದ್ದಾ ಒರಸದಂಗ ಕತ್ತಲಾಗ ತಂದು, ಮುಚ್ಚಿ ಹೋದೆ. ಶಿಖರಜಿ ಡೋಂಗರ ಮ್ಯಾಲ ನಿಂತು ಬೇಡಕೊಂಡಿದ್ದೆ ನೋಡು, ಹೆಂಗರ ಮಾಡಿ ಈ ಗೀರ ಮಾಯ ಮಾಡಪಾ ಅಂತ. ಒಂದೂ ಉಳದಿಲ್ಲ."

ಪಾರಿಸನ ಕಿವಿಯೊಳಗೆ ಮಶೀನು ಮತ್ತೆ ಶುರುವಾಯಿತು. "ಮಾವಾ, ಅದು ನಾ ಮಾಡಿದ್ದರಿ. ಕಂಪೌಂಡ ಅಂದ್ರ ಗ್ವಾಡಿ ಅಲ್ರಿ. ಡಬ್ಬಿಯಾಗಿಂದು. ಅದನ್ನ ಹಚ್ಚಿ ಉಜ್ಜೇನ್ರಿ."

ಮಾವನ ಮುಖ ಗಟ್ಟಿಯಾಯಿತು. "ಡಬ್ಬಿಯಾಗ ಕಂಪೌಂಡ ಇರತೈತೇನೋ? ಈಗಿನ್ನ ಊರ ಮುಂದ ಗ್ವಾಡಿ ಕಡಿಯಾಕ ತಂದಿದ್ದೆ ಅಂದಿ. ಸಿಟ್ಟಿನ ಹುಡುಗ, ಇರಲಿ, ಲಗ್ನ ಆದ ಮ್ಯಾಲ ತಣ್ಣಗಾಗ್ತಾನ ಅಂತ ಈಗರ ಮನಸ್ಸನ್ಯಾಗ ಅಂದಕೊಂಡಿದ್ದೆ. ದೇವರು ಮಾಡಿದ್ದನ್ನ ತಾ ಮಾಡಿದ್ದು ಅನ್ನೋ ಸುಳ್ಳಬುರುಕಗ ಮಗಳನ್ನ ಹೆಂಗ ಕೊಡ್ಲೋ?"

ಅವನನ್ನು ಇಳಿಸಿ ಬಾಗಿಲು ಹಾಕಿಕೊಂಡ. ಕಾರು ಅಂಗಳ ದಾಟಿ, ಓಣಿ ದಾಟಿ, ಸಂಜೆಯ ಬಿಸಿಲಲ್ಲಿ ಕಾಡಿಗೆಯಂತೆ ಮಿಂಚುತ್ತಾ ಸದಲಗಾದ ಹಾದಿ ಹಿಡಿಯಿತು. ಕೊನೆಯ ಬಾಗಿಲಿನ ಗೀರು ಮಾತ್ರ ಹಾಗೇ ಇದ್ದವು. ಅದು ಮಾವ ನೋಡದ ಬದಿ.

ಕಾರು ಹೋದ ಹಾದಿ ನೋಡಲು ಮೂಲೆಯ ಕಲ್ಲು ಹತ್ತಿದವನ ಫೋನು ಬಡಿದುಕೊಂಡಿತು. ತುಕಾರಾಮ. ನಾಳೆ ಬೇರೆ ಗಾಡಿ ಬರುವುದೈತಿ ಎಂದು ಕೇಳಿದ. "ಕಂಪೌಂಡ ಏನರ ಉಳದೈತೇನೋ?"

ಪಾರಿಸ ಕಲ್ಲಿನ ಮೇಲೆ ನಿಂತು ಆಚೆ ಬದಿ ನೋಡಿದ. ಈಗ ಆ ಮೂಲೆಯಿಂದ ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು.

"ಒಂದ ಇಟ್ಟಂಗಿನೂ ಉಳದಿಲ್ಲಪಾ," ಎಂದ.