ಹುಕ್ಕೇರಿ ಮುಟ್ಟದ ಸೈಕಲ್ಲು

ನಮ್ಮ ಕಾಕಾ ಸೈಕಲ್ ಇಟ್ಟುಕೊಂಡಿರುವುದು ಹತ್ತುವುದಕ್ಕಲ್ಲ, ಇಳಿಯುವುದಕ್ಕೆ. ನಂಬಿಕೆ ಬರದಿದ್ದರೆ ಒಂದು ಭಾನುವಾರ ಬೆಳಿಗ್ಗೆ ಗೋಕಾಕಕ್ಕೆ ಬನ್ನಿ. ನಾವು ಏಳೆಂಟು ಮಂದಿ ವಾರಕ್ಕೊಮ್ಮೆ ಗುಂಪು ಕಟ್ಟಿಕೊಂಡು ಸೈಕಲ್ ಹೊಡೆಯುತ್ತೇವೆ. ಗೇರು, ಹೆಲ್ಮೆಟ್ಟು, ಊರ ಮಂದಿ ನಿಂತು ನೋಡುವಂಥ ಬಿಗಿ ಚಡ್ಡಿ, ಎಲ್ಲ ಇದೆ ನಮ್ಮ ಹತ್ತಿರ. ಕಾಕಾನ ಹತ್ತಿರ ಇರುವುದು ಹಾಲಿನವರ ಕರಿ ಸೈಕಲ್ಲು, ಬಿಳಿ ಪಾಯಜಾಮ ಮತ್ತು ದಾರಿಯುದ್ದಕ್ಕೂ ಬೀಗರು. ಅಪ್ಪನ ತಮ್ಮನಾದ ಇವರಿಗೆ ಅರವತ್ತು ದಾಟಿದೆ. ಆದರೂ ಗುಡ್ಡ ಏರುವಾಗ ಎಲ್ಲರಿಗಿಂತ ಮುಂದೆ ಅವರೇ. ಮೇಲೆ ಹೋದ ಮೇಲೆ ಒಂದು ಮನೆ ಕಂಡಿತೋ, ಮುಗಿಯಿತು. ಬ್ರೇಕು, ಸ್ಟ್ಯಾಂಡು, "ಯಾರದೀರಿ ಒಳಗ?"

ಒಳಗಿನವರು ಬರುತ್ತಾರೆ. ಚಾ ಬರುತ್ತದೆ. ನಮ್ಮ ಬೆವರು ಆರುತ್ತದೆ, ಬಿಸಿಲು ಏರುತ್ತದೆ. ಬ್ಯಾಂಕಿನ ಹುಡುಗನೊಬ್ಬ ಸವಾರಿಯ ಲೆಕ್ಕ ಇಡುವ ಆ್ಯಪ್ ಹಾಕಿಕೊಂಡು ಬಂದಿದ್ದ. ಅಂಕಲಗಿಯಲ್ಲಿ ಮೂರನೆಯ ಮನೆಯ ಚಾ ಕುಡಿಯುವಷ್ಟರಲ್ಲಿ ಆ ಆ್ಯಪ್ಪಿಗೇ ಬೇಸರ ಬಂದು, ಸವಾರಿ ಮುಗಿಯಿತೆಂದು ತಾನಾಗಿಯೇ ಅಭಿನಂದನೆ ಹೇಳಿ ಮಲಗಿಬಿಟ್ಟಿತು.

ಕಾಕಾ ನೀರಿನ ಬಾಟಲಿ ಒಯ್ಯುವುದಿಲ್ಲ. ಕೇಳಿದರೆ, "ನೀರು ಕಟ್ಕೊಂಡು ಹೊಂಟ್ರ ಮಂದಿ ಮನಿಗೆ ಯಾಕ ಹೋಗಬೇಕು?" ಎನ್ನುತ್ತಾರೆ. ಅಂಗಡಿಯ ನೀರೂ ಆಗುವುದಿಲ್ಲ. ಅಂಗಡಿಯವನು ಒಳಗೆ ಕರೆದು ಕೂರಿಸಿಕೊಳ್ಳುವುದಿಲ್ಲವಲ್ಲ!

ಒಮ್ಮೆ ಮೂಡಲಗಿಗೆ ಹೊರಟಿದ್ದೆವು. ನಾಗನೂರಿನಲ್ಲಿ ಒಬ್ಬಾತ ಕಟ್ಟೆಯ ಮೇಲೆ ಕುಳಿತು ದಾಡಿ ಮಾಡಿಕೊಳ್ಳುತ್ತಿದ್ದ. ಕಾಕಾ ಇಳಿದರು. ಅವನ ಊರು, ಅವನ ಅಜ್ಜನ ಊರು, ಅಜ್ಜಿಯ ತವರು ಎಂದು ಕೆದಕುತ್ತ ಹೋಗಿ, ಅರ್ಧ ದಾಡಿ ಆಗುವಷ್ಟರಲ್ಲಿ ಅವನು ತಮಗೆ ಅಳಿಯನ ವರಸೆ ಆಗಬೇಕೆಂದು ಸಾಧಿಸಿದರು. ಒಳಗಿನಿಂದ ಚಾ ಬಂತು, ಅವಲಕ್ಕಿ ಬಂತು, ಕಡೆಗೆ ರೊಟ್ಟಿ, ಬದನೆಕಾಯಿ ಪಲ್ಯ ಬಂತು. ಹೊರಡುವಾಗ ಕಾಕಾ ಅಳಿಯನ ಬೆನ್ನು ತಟ್ಟಿ, "ಮನಿ ಭಾಳ ಚಲೋ ಕಟ್ಟಿಸೀದಿ" ಎಂದರು.

"ಮನಿ ನಂದಲ್ರಿ," ಎಂದ ಅವನು. "ನಾನೂ ಬೀಗರ ಮನಿಗೆ ಬಂದೇನ್ರಿ."

ನಾವು ಮೂಡಲಗಿ ನೋಡಲಿಲ್ಲ. ಹೊಟ್ಟೆ ಭಾರವಾಗಿ, ಸೈಕಲ್ಲುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಮನೆಗೆ ಬಂದೆವು.

ಇಂಥ ಕಾಕಾ ಒಂದೇ ಒಂದು ಮನೆಯ ಮುಂದೆ ಇಳಿಯುತ್ತಿರಲಿಲ್ಲ. ಅದು ಹುಕ್ಕೇರಿಯಲ್ಲಿರುವ ಅವರ ಸ್ವಂತ ಅಕ್ಕನ ಮನೆ. ನನಗೆ ಸೋದರತ್ತೆ. ಕಾಕಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮೂರು ವರ್ಷದ ಹಿಂದೆ ಅವಳ ಮಗನ ಮದುವೆಯಾಯಿತು. ನಮ್ಮ ಕಡೆ ಮದುವೆಯಲ್ಲಿ ಬಟ್ಟೆಬರೆ ಉಡುಗೊರೆ ಕೊಡುವ ಆಹೇರಿಯಲ್ಲಿ ಸೋದರಮಾವನಿಗೆ ತಲೆತುಂಬ ರುಮಾಲು ಸುತ್ತಿ ಮರ್ಯಾದೆ ಮಾಡುವುದು ರೂಢಿ. ಉಳಿದವರಿಗೆ ಟೊಪ್ಪಿಗೆ, ಟವೆಲ್ಲು. ಆ ಗದ್ದಲದಲ್ಲಿ ಯಾರೋ ಹೆಸರು ಕೂಗಿದರು, ಯಾರೋ ಕೈ ಚಾಚಿದರು. ಕಾಕಾನ ಕೈಗೆ ಟವೆಲ್ಲು ಬಂತು. ಕೆಂಪು ಜರಿಯ ರುಮಾಲು ವರನ ಕಡೆಯ ಟೆಂಪೋ ಡ್ರೈವರನ ತಲೆಯ ಮೇಲೆ ಕುಳಿತಿತು. ಪಾಪ, ಅವನು ಅದನ್ನು ಬಿಚ್ಚದೆ ಸಂಜೆಯ ತನಕ ಗಾಡಿ ಹೊಡೆದ.

"ಮಾವಗ ಟವೆಲ್ಲು?" ಎಂದು ಕಾಕಾ ಊಟ ಬಿಟ್ಟು ಎದ್ದರು. "ಇನ್ನ ಈ ಮನಿ ನೀರು ಮುಟ್ಟಂಗಿಲ್ಲ."

ಅತ್ತೆಯೇನು ಕಡಿಮೆ ಹಟದವಳೇ? "ಟವೆಲ್ಲಿನ ಸಲುವಾಗಿ ಅಕ್ಕನ್ನ ಬಿಟ್ಟಂವನ್ನ ನಾ ಯಾಕ ಕರೀಲಿ?" ಎಂದು ಅವಳೂ ಕುಳಿತುಬಿಟ್ಟಳು.

ಆದರೆ ತಿಂಗಳಿಗೊಮ್ಮೆ ಕಾಕಾ ತಾವೇ, "ಈ ಸರ್ತೆ ಹುಕ್ಕೇರಿ ಕಡೆ ಹೋಗೂಣು, ಗಾಳಿ ಚಲೋ ಇರತೈತಿ" ಎನ್ನುತ್ತಿದ್ದರು. ಊರು ಕಾಣುವ ಕೊನೆಯ ದಿಬ್ಬದ ತನಕ ಬಂದು, ಒಂದು ಗಳಿಗೆ ನಿಂತು ಆ ಕಡೆ ನೋಡಿ, ಏನೋ ನೆಪ ತೆಗೆದು ಸೈಕಲ್ ತಿರುಗಿಸುತ್ತಿದ್ದರು. ಅಕ್ಕನನ್ನು ನೋಡಬೇಕೆಂದು ಜೀವ ಒದ್ದಾಡುತ್ತಿತ್ತು, ರುಮಾಲು ಅಡ್ಡ ಬರುತ್ತಿತ್ತು. ನಾನು ಅತ್ತೆಯ ಸುದ್ದಿ ತೆಗೆದರೆ ಸಾಕು, "ತಡಿ, ಗಾಳಿ ಐತೋ ಇಲ್ಲೋ ನೋಡತೇನಿ" ಎಂದು ಟಯರಿನ ಕಡೆ ಬಗ್ಗಿಬಿಡುತ್ತಿದ್ದರು. ಇಷ್ಟು ಗಾಳಿ ನೋಡಿಸಿಕೊಂಡ ಟಯರು ಜಿಲ್ಲೆಯಲ್ಲೇ ಇನ್ನೊಂದಿರಲಿಕ್ಕಿಲ್ಲ.

ನಮ್ಮ ಗುಂಪಿನ ಮೌಲಾಸಾಬ ಕಾಕಾನ ಶಾಲೆಯ ದೋಸ್ತ. ಗೋಕಾಕದಲ್ಲಿ ಜವಳಿ ಅಂಗಡಿ. ಮದುವೆಯ ಬಟ್ಟೆಯೆಲ್ಲ ಅವರ ಅಂಗಡಿಯದೇ. "ರುಮಾಲು ನನ್ನ ಅಂಗಡಿದು," ಎಂದು ನನ್ನ ಹತ್ತಿರ ಗೋಳಾಡುತ್ತಿದ್ದರು. "ಅಣ್ಣಾ-ತಂಗಿ, ಅಕ್ಕಾ-ತಮ್ಮ ಬೆಸೀಲಿ ಅಂತ ಅರಿವಿ ಮಾರತೇನಿ ನಾನು. ಇವರು ನನ್ನ ಮಾಲಿಗೇ ಕೆಟ್ಟ ಹೆಸರು ತಂದಾರ ನೋಡವಾ."

ಈ ವರ್ಷ ಬೇಸಿಗೆಯ ಒಂದು ಭಾನುವಾರ ಮತ್ತೆ ಹುಕ್ಕೇರಿ ದಾರಿ ಹಿಡಿದೆವು. ಅಂದು ದೊಡ್ಡ ಮುಹೂರ್ತ. ಘಟಪ್ರಭೆ ದಾಟಿದ ಮೇಲೆ ಕಾಕಾ ಇಳಿದ ಮನೆಗಳಿಗೆಲ್ಲ ಕೀಲಿ. ಎಲ್ಲರೂ ಮದುವೆಗೆ ಹೋಗಿದ್ದರು. ಕಬ್ಬಿನ ಹೊಲದಲ್ಲಿ ಬೋರು ಇತ್ತು, ಕರೆಂಟು ಇರಲಿಲ್ಲ. ಕೊನೆಯ ದಿಬ್ಬ ಏರುವ ಹೊತ್ತಿಗೆ ಕಾಕಾನ ತುಟಿ ಒಣಗಿ ಬೆಳ್ಳಗಾಗಿತ್ತು.

"ಮೌಲಾ, ಒಂದ ಗುಟಕ ನೀರು ಕೊಡೋ."

ಮೌಲಾಸಾಬರು ತಮ್ಮ ಬಾಟಲಿ ತೆಗೆದು, ನಿಧಾನವಾಗಿ ಮುಚ್ಚಳ ತಿರುಗಿಸಿ, ಇದ್ದಬದ್ದ ನೀರನ್ನೆಲ್ಲ ತಮ್ಮ ಸೈಕಲ್ಲಿನ ಟಯರಿನ ಮೇಲೆ ಸುರಿದರು. "ಕಾದಿತ್ತು ಪಾ. ಒಡದ-ಗಿಡದೀತು."

ಬ್ಯಾಂಕಿನ ಹುಡುಗ ಚುರುಕು. ತಕ್ಷಣ ಅವನ ಟಯರೂ ಕಾಯಿತು. ನಂತರ ನನ್ನದು. ನಡುರಸ್ತೆಯಲ್ಲಿ ನಾವೆಲ್ಲ ಸಾಲಾಗಿ ನಿಂತು ಟಯರುಗಳಿಗೆ ಅಭಿಷೇಕ ಮಾಡಿದೆವು. ಕಾಕಾ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ನೀರು ಎಲ್ಲಿ ಐತಿ ಗೊತ್ತೈತಲ್ರಿ ಕಾಕಾ," ಎಂದೆ ನಾನು.

ಅವರು ಬೈಯಲಿಲ್ಲ. ಟಯರಿಗೂ ಬಗ್ಗಲಿಲ್ಲ. ನಾವು ಇಳಿಜಾರಿಗೆ ಸೈಕಲ್ ಬಿಟ್ಟಾಗ ಸ್ವಲ್ಪ ದೂರ ಬಿಟ್ಟು ನಮ್ಮ ಹಿಂದೆಯೇ ಬಂದರು.

ಅತ್ತೆಯ ಮನೆಯ ಮುಂದೆ ನಾವೆಲ್ಲ ಇಳಿದೆವು. ಊರೆಲ್ಲ ಇಳಿಯುವ ಕಾಕಾ ಒಂದು ಕಾಲು ನೆಲಕ್ಕೆ ಊರಿ ಸೀಟಿನ ಮೇಲೆಯೇ ಕುಳಿತಿದ್ದರು. ಸಪ್ಪಳ ಕೇಳಿ ಅತ್ತೆ ತುಂಬಿದ ತಂಬಿಗೆ ಹಿಡಿದೇ ಹೊರಗೆ ಬಂದಳು. ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ತಮ್ಮನನ್ನು ಕಂಡು ನಿಂತಳು.

"ನಾ ನಿನ್ನ ಮನಿಗೆ ಬಂದಿಲ್ಲ," ಎಂದರು ಕಾಕಾ. "ಇವರು ಹೊಂಟಿದ್ರು, ಸೈಕಲ್ಲು ಹಿಂದ ಬಂತು."

"ಬರಲಿಲ್ಲಂದ್ರ ಬಿಡು. ನೀರರ ಕುಡಿ. ಮುಖ ನೋಡು, ಹೆಂಗ ಬಾಡೇತಿ."

ಅವಳು ತಂಬಿಗೆ ಚಾಚಿದಳು. ನೀರು ತುಳುಕಿ ಅವಳ ಕಾಲ ಮೇಲೆ ಬಿತ್ತು. ಇನ್ನೊಂದು ಕೈ ಆಸರೆ ಕೊಟ್ಟಳು, ಅದೂ ನಡುಗುತ್ತಿತ್ತು. ಕಾಕಾ ಆ ಕೈಗಳನ್ನೇ ನೋಡಿದರು.

"ಕೈಗೆ ಏನಾಗೇತಿ ಅಕ್ಕಾ?"

"ವರ್ಷದ ಮ್ಯಾಲಾತು. ಕೈಯಾಗ ಸೌಟ ನಿಲ್ಲಂಗಿಲ್ಲ. ನೀ ಬಂದಿದ್ರ ಗೊತ್ತಾಗತಿತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಾಕಾ ತಡೆದುಕೊಳ್ಳುತ್ತಿದ್ದರೋ ಏನೋ. ಸ್ಟ್ಯಾಂಡು ಹಾಕುವುದನ್ನೂ ಮರೆತು ಇಳಿದರು. ಬೀಳುತ್ತಿದ್ದ ಸೈಕಲ್ಲನ್ನು ಮೌಲಾಸಾಬರು ಹಿಡಿದರು. ಅಕ್ಕನ ಎರಡೂ ಕೈಗಳನ್ನು ತಂಬಿಗೆಯ ಸಮೇತ ತಮ್ಮ ಕೈಯಲ್ಲಿ ತೆಗೆದುಕೊಂಡು ಕಾಕಾ ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಹೋಯಿತು. ನಮ್ಮಲ್ಲಿ ಯಾರೂ ನಗಲಿಲ್ಲ. ನಾನಂತೂ ಅಳು ತಡೆಯಲಾಗದೆ ಗೋಡೆಯ ಕಡೆ ತಿರುಗಿಕೊಂಡೆ.

"ತಡಿ, ಇವರಿಗೂ ನೀರು ತರತೇನಿ," ಎಂದು ಅತ್ತೆ ತಿರುಗಿದಳು.

ಕಾಕಾ ಅವಳ ಕೈಯಿಂದ ಖಾಲಿ ತಂಬಿಗೆ ಬಿಡಿಸಿಕೊಂಡರು. "ನೀ ಕುಂದ್ರು. ಕೊಡಾ ಎಲ್ಲಿ ಐತಿ ಹೇಳು, ನಾ ತರತೇನಿ," ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು. ಅಂದು ಆ ಮನೆಯಲ್ಲಿ ನಮಗೆಲ್ಲ ನೀರು ತಂದುಕೊಟ್ಟವರು ಕಾಕಾ.